ಹಾಲಿನ ಟ್ಯಾಂಕಿನಿಂದ ಡೇಟಾ ಎಕ್ಸ್‌ಪ್ಲೋರರ್‌ಗೆ: ಮೂರು ದಾರಿಯಲ್ಲಿ ಕಳಿಸಿ ನೋಡಿದೆ

ತುಮಕೂರು ಕಡೆಯ ಹಳ್ಳಿ ಡೇರಿಗಳಲ್ಲಿ ಹಾಲು ತಣ್ಣಗಿಡುವ ದೊಡ್ಡ ಸ್ಟೀಲ್ ಟ್ಯಾಂಕುಗಳಿರುತ್ತವೆ. ಬಿಎಂಸಿ ಅಂತಾರೆ. ಆಗಷ್ಟೇ ಕರೆದು ತಂದ ಹಾಲು ಅದರಲ್ಲಿ 4 ಡಿಗ್ರಿಗೆ ಇಳಿಯಬೇಕು, ಟ್ಯಾಂಕರ್ ಬರುವ ತನಕ ಅಲ್ಲೇ ನಿಲ್ಲಬೇಕು. ಇಂಥ 340 ಟ್ಯಾಂಕುಗಳ ಉಷ್ಣಾಂಶದ ಲೆಕ್ಕ ಇಡುವುದು ನನ್ನ ಕೆಲಸ. ಪ್ರತಿ ಟ್ಯಾಂಕಿನ ಸೆನ್ಸರ್ 10 ಸೆಕೆಂಡಿಗೊಮ್ಮೆ ಒಂದು ಸಣ್ಣ ಜೇಸನ್ ಸಂದೇಶ (ಹೆಸರು, ಅದರ ಮುಂದೆ ಬೆಲೆ ಅಂತ ಬರೆದ ಪಠ್ಯ) ಕಳಿಸುತ್ತದೆ. ಅಂದರೆ ಸೆಕೆಂಡಿಗೆ 34, ದಿನಕ್ಕೆ 29 ಲಕ್ಷಕ್ಕೂ ಜಾಸ್ತಿ. ಅವೆಲ್ಲ ಮೈಕ್ರೋಸಾಫ್ಟ್ ಕ್ಲೌಡಿನಲ್ಲಿ ಸಂದೇಶಗಳನ್ನು ಸ್ವೀಕರಿಸಿ ಕೆಲವು ದಿನ ಹಿಡಿದಿಡುವ ಅಜೂರ್ ಈವೆಂಟ್ ಹಬ್ಸ್‌ಗೆ ಬಂದು ಸೇರುತ್ತವೆ. ಅಲ್ಲಿನ ಒಂದು ಥ್ರೂಪುಟ್ ಯೂನಿಟ್ ಸೆಕೆಂಡಿಗೆ 1,000 ಸಂದೇಶ ಅಥವಾ 1 ಎಂಬಿ ಒಳಗೆ ತೆಗೆದುಕೊಳ್ಳುತ್ತದೆ. ಹಾಗಾಗಿ ನಮಗೆ ಒಂದೇ ಯೂನಿಟ್ ಧಾರಾಳ.

ನನಗೆ ತಲೆನೋವಾಗಿದ್ದು ಅದರ ಮುಂದಿನ ಹೆಜ್ಜೆ. ಅಲ್ಲಿಂದ, ಡೇಟಾವನ್ನು ಟೇಬಲ್‌ಗಳಲ್ಲಿ ಇಟ್ಟು ಹುಡುಕಿ ಗ್ರಾಫ್ ತೆಗೆಯುವ ಅಜೂರ್ ಡೇಟಾ ಎಕ್ಸ್‌ಪ್ಲೋರರ್‌ಗೆ ಡೇಟಾ ತಲುಪಿಸುವುದು ಹೇಗೆ? ಕೇಳಿದವರೆಲ್ಲ ಒಂದೊಂದು ದಾರಿ ಹೇಳಿದರು. ಕೊನೆಗೆ ಒಂದು ತಿಂಗಳು ಮೂರನ್ನೂ ಒಟ್ಟಿಗೇ ಓಡಿಸಿದೆ. ಒಂದು, ಹಬ್‌ನಿಂದ ಎಕ್ಸ್‌ಪ್ಲೋರರ್‌ಗೆ ನೇರ ಡೇಟಾ ಕನೆಕ್ಷನ್. ಎರಡು, ನಡುವೆ ಡೇಟಾವನ್ನು ದಾರಿಯಲ್ಲೇ ಲೆಕ್ಕ ಹಾಕುವ ಸ್ಟ್ರೀಮ್ ಅನಾಲಿಟಿಕ್ಸ್. ಮೂರು, ಹಬ್‌ನದೇ ಸೌಲಭ್ಯವಾದ ಕ್ಯಾಪ್ಚರ್ ಮೂಲಕ ಫೈಲ್ ಮಾಡಿ, ಆ ಫೈಲನ್ನು ಎಕ್ಸ್‌ಪ್ಲೋರರ್‌ಗೆ ತುಂಬುವುದು. ಪೈಥಾನ್‌ನಲ್ಲಿ ಸ್ವಂತ ಪ್ರೋಗ್ರಾಂ ಬರೆಯುವ ನಾಲ್ಕನೇ ದಾರಿಯೂ ಇದೆ. ಆದರೆ ಎಲ್ಲಿತನಕ ಓದಿದೆ ಅನ್ನುವ ಗುರುತು ಇಡುವುದರಿಂದ ಹಿಡಿದು ರಾತ್ರಿ ನಿಂತುಹೋದರೆ ಎಬ್ಬಿಸುವ ತನಕ ಎಲ್ಲವೂ ನಮ್ಮ ತಲೆಗೇ ಬರುತ್ತದೆ. ಇಬ್ಬರೇ ಇರುವ ತಂಡಕ್ಕೆ ಅದು ಬೇಡ ಅನ್ನಿಸಿತು.

ಮೊದಲೇ ಒಂದು ಮಾತು. ಬೇಸಿಕ್ ದರ್ಜೆಯ ಹಬ್‌ನಲ್ಲಿ ಇರುವುದು ಒಂದೇ ಕನ್ಸ್ಯೂಮರ್ ಗ್ರೂಪ್ (ಹಬ್ ಓದುವವರಿಗೆ ಕೊಡುವ ಪ್ರತ್ಯೇಕ ದಾರಿ), ಸಂದೇಶ ಉಳಿಯುವುದೂ ಒಂದೇ ದಿನ. ಓದುವ ಪ್ರತಿಯೊಬ್ಬರಿಗೂ ಬೇರೆ ಗ್ರೂಪ್ ಕೊಡಬೇಕು, ಇಲ್ಲದಿದ್ದರೆ ಒಬ್ಬರ ಓದಿಗೆ ಇನ್ನೊಬ್ಬರು ಅಡ್ಡ ಬರುತ್ತಾರೆ. ಹಾಗಾಗಿ ಸ್ಟ್ಯಾಂಡರ್ಡ್ ತೆಗೆದುಕೊಂಡೆ. ಅದರಲ್ಲಿ 20 ಗ್ರೂಪ್ ತನಕ ಮಾಡಬಹುದು, ಸಂದೇಶವನ್ನು 7 ದಿನ ಇಟ್ಟುಕೊಳ್ಳಬಹುದು. ಈ 7 ದಿನ ಎಷ್ಟು ಮುಖ್ಯ ಅನ್ನೋದು ನನಗೆ ಆಮೇಲೆ ಗೊತ್ತಾಯಿತು. ಪಾರ್ಟಿಷನ್ (ಸಂದೇಶಗಳು ಹಂಚಿಕೊಂಡು ಕೂರುವ ಹಬ್‌ನ ಭಾಗ) ಎಷ್ಟು ಬೇಕು ಅಂತಲೂ ಹಬ್ ಮಾಡುವಾಗಲೇ ಯೋಚಿಸಿ, ಸ್ಟ್ಯಾಂಡರ್ಡ್‌ನಲ್ಲಿ ಆಮೇಲೆ ಬದಲಾಯಿಸೋಕೆ ಆಗುವುದಿಲ್ಲ. ನಾನು 4 ಇಟ್ಟೆ. ಹಬ್ಬೂ, ಎಕ್ಸ್‌ಪ್ಲೋರರ್ ಓಡುವ ಕ್ಲಸ್ಟರೂ ಎರಡೂ ಪುಣೆಯಲ್ಲಿರುವ ಸೆಂಟ್ರಲ್ ಇಂಡಿಯಾ ರೀಜನ್‌ನಲ್ಲೇ ಇವೆ.

ನೇರ ಕನೆಕ್ಷನ್‌ಗೆ ಹಿಡಿದದ್ದು ಒಂದು ಮಧ್ಯಾಹ್ನ, ಅಷ್ಟೇ. ಎಕ್ಸ್‌ಪ್ಲೋರರ್‌ನಲ್ಲಿ ಟೇಬಲ್ ಮಾಡಬೇಕು. ಜೇಸನ್‌ನ ಯಾವ ಹೆಸರು ಯಾವ ಕಾಲಂಗೆ ಅಂತ ಮ್ಯಾಪಿಂಗ್ ಬರೆಯಬೇಕು. ಕ್ಲಸ್ಟರಿನ ಮ್ಯಾನೇಜ್ಡ್ ಐಡೆಂಟಿಟಿಗೆ (ಅಜೂರ್ ಅದಕ್ಕೆ ಕೊಡುವ ಗುರುತು) ಹಬ್ ಮೇಲೆ ಡೇಟಾ ರಿಸೀವರ್ ಪಾತ್ರ, ಅಂದರೆ ಓದುವ ಅನುಮತಿ, ಕೊಡಬೇಕು. ಆಮೇಲೆ ಕನೆಕ್ಷನ್ ಮಾಡಿದರೆ ಮುಗಿಯಿತು. ಪಾಸ್‌ವರ್ಡ್ ತರಹದ ಕೀ ಎಲ್ಲೂ ಬರೆದಿಡಬೇಕಾಗಿಲ್ಲ, ಅದು ನನಗೆ ತುಂಬಾ ಹಿಡಿಸಿತು.

ಕನೆಕ್ಷನ್ ಮಾಡಿ ಕಣ್ಣು ಬಿಟ್ಟು ಕೂತರೆ ಟೇಬಲ್ ಖಾಲಿ. ಹೊಸಬರೆಲ್ಲ ಇಲ್ಲಿ ಗಾಬರಿಯಾಗುತ್ತಾರೆ, ನಾನೂ ಆದೆ. ಕೆಟ್ಟಿರುವುದು ಏನೂ ಇಲ್ಲ. ಎಕ್ಸ್‌ಪ್ಲೋರರ್ ಸಂದೇಶಗಳನ್ನು ಒಟ್ಟು ಮಾಡಿಕೊಂಡು ಒಳಗೆ ತೆಗೆದುಕೊಳ್ಳುತ್ತದೆ. ನಾವೇನೂ ಹೇಳದಿದ್ದರೆ 5 ನಿಮಿಷ ಕಾಯುತ್ತದೆ, ಅಷ್ಟರಲ್ಲಿ 1 ಜಿಬಿ ತುಂಬಿದರೆ ಮೊದಲೇ ತೆಗೆದುಕೊಳ್ಳುತ್ತದೆ. ಬ್ಯಾಚಿಂಗ್ ಪಾಲಿಸಿಯಲ್ಲಿ ಅದನ್ನು 1 ನಿಮಿಷಕ್ಕೆ ಇಳಿಸಿದೆ. ಕೆಲವೇ ಸೆಕೆಂಡಿನಲ್ಲಿ ಬೇಕೇ ಬೇಕು ಅನ್ನುವವರಿಗೆ ಸ್ಟ್ರೀಮಿಂಗ್ ಇಂಜೆಸ್ಚನ್ ಅಂತ ಬೇರೆಯೇ ಇದೆ, ಕ್ಲಸ್ಟರ್ ಮಟ್ಟದಲ್ಲೇ ಅದನ್ನು ಆನ್ ಮಾಡಬೇಕು. ನಾನು ಮಾಡಲಿಲ್ಲ. ಟ್ಯಾಂಕು ತುಂಬಾ ತಣ್ಣನೆಯ ಹಾಲಿರುವಾಗ ಅದು ಒಂದು ನಿಮಿಷದಲ್ಲಿ ಬಿಸಿಯಾಗುವುದಿಲ್ಲ, ಅಲ್ವಾ?

ಇದೇ ದಾರಿಯಲ್ಲಿ ನಾನೊಂದು ತಪ್ಪು ಮಾಡಿದೆ. ಸೆನ್ಸರಿನ ಹೊಸ ಫರ್ಮ್‌ವೇರ್‌ನಲ್ಲಿ ಉಷ್ಣಾಂಶದ ಹೆಸರಿನ ಕೊನೆಯ ಅಕ್ಷರ ಕ್ಯಾಪಿಟಲ್ ಆಗಿತ್ತು, ನಾನು ಮ್ಯಾಪಿಂಗ್ ಬದಲಾಯಿಸಲಿಲ್ಲ. ಮ್ಯಾಪಿಂಗ್‌ನಲ್ಲಿ ದೊಡ್ಡಕ್ಷರ ಸಣ್ಣಕ್ಷರ ಬೇರೆ ಬೇರೆಯೇ. ಹೆಸರು ಸಿಗದಿದ್ದರೆ ಆ ಕಾಲಂ ಸುಮ್ನೆ ಖಾಲಿ ಉಳಿಯುತ್ತದೆ. ಸಾಲು ಬರುತ್ತದೆ, ಸಮಯ ಬರುತ್ತದೆ, ಟ್ಯಾಂಕಿನ ನಂಬರ್ ಬರುತ್ತದೆ, ಉಷ್ಣಾಂಶ ಮಾತ್ರ ಇಲ್ಲ. ಇಂಜೆಸ್ಚನ್ ಫೇಲ್ಯೂರ್ಸ್ ತೋರಿಸು ಅಂತ ಕಮಾಂಡ್ ಕೊಟ್ಟರೆ ಅಲ್ಲೂ ಏನೂ ಇಲ್ಲ, ಯಾಕೆಂದರೆ ಅದರ ಲೆಕ್ಕದಲ್ಲಿ ಯಾವುದೂ ಫೇಲ್ ಆಗಿಲ್ಲ. ಅಂದಿನಿಂದ ನಾನು ಸಂದೇಶವನ್ನು ಮೊದಲು ಬಿಡಿಸುವುದೇ ಇಲ್ಲ. ಮ್ಯಾಪಿಂಗ್‌ನಲ್ಲಿ ಬರೀ ಡಾಲರ್ ಗುರುತು ಹಾಕಿದರೆ ಇಡೀ ಜೇಸನ್ ಯಾವ ಆಕಾರದ ಡೇಟಾವನ್ನೂ ಹಿಡಿಯುವ ಒಂದೇ ಡೈನಾಮಿಕ್ ಕಾಲಂಗೆ ಬಂದು ಕೂರುತ್ತದೆ. ಅಲ್ಲಿಂದ ಅಪ್‌ಡೇಟ್ ಪಾಲಿಸಿ (ಸಾಲು ಬಂದ ಕೂಡಲೇ ತಾನಾಗಿ ಓಡುವ ಕ್ವೆರಿ) ಬರೆದು ಎರಡನೇ ಟೇಬಲ್‌ಗೆ ಬಿಡಿಸಿಕೊಳ್ಳುತ್ತೇನೆ. ನಾಳೆ ಹೆಸರು ಬದಲಾದರೂ ಮೂಲ ಸಂದೇಶ ನನ್ನ ಹತ್ತಿರ ಇರುತ್ತದೆ.

ಇನ್ನು ಸ್ಟ್ರೀಮ್ ಅನಾಲಿಟಿಕ್ಸ್. ಹರಿದು ಬರುತ್ತಿರುವ ಡೇಟಾ ಮೇಲೇ ಎಸ್‌ಕ್ಯೂಎಲ್ ಬರೆಯಬಹುದು. ಪ್ರತಿ 5 ನಿಮಿಷಕ್ಕೆ ಪ್ರತಿ ಟ್ಯಾಂಕಿನ ಸರಾಸರಿ ತೆಗೆದು, ಅಷ್ಟನ್ನೇ ಎಕ್ಸ್‌ಪ್ಲೋರರ್‌ಗೆ ಬರೆಸಿದೆ. 30 ಸಾಲಿನ ಜಾಗದಲ್ಲಿ ಒಂದೇ ಸಾಲು. ನೋಡೋಕೆ ಬಹಳ ಅಚ್ಚುಕಟ್ಟು. ಮೊದಲ ವಾರ ಇದೇ ಸರಿಯಾದ ದಾರಿ ಅಂತ ಸಹೋದ್ಯೋಗಿಗೂ ಹೇಳಿಬಿಟ್ಟಿದ್ದೆ.

ಎರಡನೇ ವಾರ ಒಂದು ಡೇರಿಯ ಸೆಕ್ರೆಟರಿ ಫೋನ್ ಮಾಡಿದರು.

"ಸಾರ್, ನಮ್ಮೂರಲ್ಲಿ ರಾತ್ರಿ ಒಂಬತ್ತು ಗಂಟೆಗೇ ಕರೆಂಟ್ ಹೋಗಿತ್ತು. ಜನರೇಟರ್ ಕೈ ಕೊಟ್ಟಿತ್ತು. ನಿಮ್ಮ ಗ್ರಾಫಲ್ಲಿ ಹಾಲು ಹನ್ನೆರಡೂವರೆಗೆ ಒಂದೇ ಸಲ ಬಿಸಿಯಾದ ಹಾಗೆ ತೋರಿಸ್ತಿದೆಯಲ್ಲ?"

"ಕರೆಂಟ್ ಬಂದಿದ್ದು ಎಷ್ಟೊತ್ತಿಗೆ ಸೆಕ್ರೆಟರಿಯವರೇ?"

"ಹನ್ನೆರಡೂವರೆಗೇ ಸಾರ್."

ನನಗೆ ಅಲ್ಲೇ ಅರ್ಥವಾಯಿತು. ನಮ್ಮ ಸೆನ್ಸರ್‌ಗೆ ಬ್ಯಾಟರಿ ಇದೆ, ನೆಟ್‌ವರ್ಕ್ ಪೆಟ್ಟಿಗೆಗೆ ಇಲ್ಲ. ಕರೆಂಟ್ ಹೋದಾಗ ಸೆನ್ಸರ್ ಅಳತೆಗಳನ್ನು ತನ್ನಲ್ಲೇ ಇಟ್ಟುಕೊಂಡು, ನೆಟ್‌ವರ್ಕ್ ಬಂದ ಕೂಡಲೇ ಎಲ್ಲವನ್ನೂ ಒಟ್ಟಿಗೆ ಕಳಿಸುತ್ತದೆ. ಅವತ್ತು 9:10ರಿಂದ 12:30ರ ತನಕದ 1,200 ಅಳತೆ ಒಂದೇ ಉಸಿರಿಗೆ ಬಂದಿದ್ದವು. ಸ್ಟ್ರೀಮ್ ಅನಾಲಿಟಿಕ್ಸ್‌ನಲ್ಲಿ ತಡವಾಗಿ ಬಂದ ಸಂದೇಶಕ್ಕೆ ಇರುವ ರಿಯಾಯಿತಿ, ನಾವು ಮುಟ್ಟದಿದ್ದರೆ, 5 ಸೆಕೆಂಡ್ ಮಾತ್ರ. ಅದಕ್ಕಿಂತ ತಡವಾದದ್ದನ್ನು ಬಿಸಾಡುವುದಿಲ್ಲ, ಅದರ ಸಮಯವನ್ನು ಬಂದ ಹೊತ್ತಿಗೆ ಸರಿಹೊಂದಿಸುತ್ತದೆ. 30 ಅಳತೆ ಇರಬೇಕಾದ 5 ನಿಮಿಷದ ಕಿಟಕಿಯಲ್ಲಿ ಸಾವಿರಕ್ಕೂ ಹೆಚ್ಚು ಅಳತೆ ಸೇರಿ, ಮೂರು ಗಂಟೆ ಇಪ್ಪತ್ತು ನಿಮಿಷದ ಕಥೆ ಒಂದು ಚುಕ್ಕೆಯಾಗಿತ್ತು.

ತಪ್ಪು ನನ್ನದೇ, ಆ ಸೆಟ್ಟಿಂಗ್ ನಾನು ನೋಡಬೇಕಿತ್ತು. ರಿಯಾಯಿತಿಯನ್ನು ಗಂಟೆಗಟ್ಟಲೆಗೆ ಏರಿಸಬಹುದು. ಆದರೆ ಅಷ್ಟರಿಂದಲೇ ಸರಿಹೋಗುವುದಿಲ್ಲ. ಉಳಿದ 339 ಟ್ಯಾಂಕುಗಳ ಸಂದೇಶಗಳು ಸ್ಟ್ರೀಮ್ ಅನಾಲಿಟಿಕ್ಸ್ ಇಟ್ಟುಕೊಂಡ ಗಡಿಯಾರವನ್ನು ಮುಂದೆ ತಳ್ಳಿರುತ್ತವೆ, ಹಿಂದುಳಿದ ಒಂದು ಟ್ಯಾಂಕಿಗೆ ಆ ಗಡಿಯಾರ ಕಾಯುವುದಿಲ್ಲ. ಕ್ವೆರಿಯಲ್ಲಿ ಟೈಮ್‌ಸ್ಟ್ಯಾಂಪ್ ಬೈ ಜೊತೆಗೆ ಓವರ್ ಅಂತ ಟ್ಯಾಂಕಿನ ನಂಬರ್ ಕೊಟ್ಟರೆ ಪ್ರತಿ ಟ್ಯಾಂಕಿಗೂ ಬೇರೆ ಗಡಿಯಾರ ಸಿಗುತ್ತದೆ. ಆಗ ಇನ್ನೊಂದು ಕಷ್ಟ: ಯಾವುದಾದರೂ ಟ್ಯಾಂಕು ಸುಮ್ಮನಾದರೆ, ಕೊಟ್ಟ ರಿಯಾಯಿತಿಯಷ್ಟು ಹೊತ್ತು ಉತ್ತರ ತಡವಾಗಬಹುದು. ಕರೆಂಟ್ ಯಾವಾಗ ಹೋಗುತ್ತೆ ಅಂತ ಗೊತ್ತಿಲ್ಲದ ಊರುಗಳಲ್ಲಿ ಇದು ದಿನನಿತ್ಯದ ಮಾತು.

ಅದೇ ರಾತ್ರಿಯ ಡೇಟಾ ನೇರ ಕನೆಕ್ಷನ್‌ನಲ್ಲಿ ಹೇಗೆ ಬಂದಿದೆ ಅಂತ ತೆಗೆದು ನೋಡಿದೆ. 1,200 ಸಾಲೂ ತಮ್ಮ ತಮ್ಮ ಸಮಯದ ಜೊತೆಗೇ ಕೂತಿದ್ದವು. ಹಬ್‌ಗೆ ಬಂದು ಸೇರಿದ ಸಮಯವನ್ನೂ ನಾನು ಬೇರೆ ಕಾಲಂನಲ್ಲಿ ಹಿಡಿದಿಟ್ಟಿದ್ದೆ, ಕನೆಕ್ಷನ್ ಮಾಡುವಾಗ ಅದನ್ನು ಆರಿಸಿಕೊಳ್ಳಬಹುದು. ಎರಡರ ವ್ಯತ್ಯಾಸ ತೆಗೆದರೆ ಎಷ್ಟು ತಡ ಅಂತಲೂ ತಿಳಿಯುತ್ತದೆ. ಸರಾಸರಿಯನ್ನು ಓದುವಾಗ ಲೆಕ್ಕ ಹಾಕಿದರಾಯಿತು. ಒಂಬತ್ತು ಗಂಟೆಯಿಂದ ನಿಧಾನಕ್ಕೆ ಏರಿದ ಗೆರೆ ಸರಿಯಾಗಿ ಬಂತು. ಅದರ ಫೋಟೋ ಸೆಕ್ರೆಟರಿಯವರಿಗೆ ಕಳಿಸಿದೆ.

ಕ್ಯಾಪ್ಚರ್ ಬಗ್ಗೆ ಹೇಳುವುದು ಸ್ವಲ್ಪವೇ. ಹಬ್ ತಾನೇ 5 ನಿಮಿಷಕ್ಕೊಮ್ಮೆ ಪ್ರತಿ ಪಾರ್ಟಿಷನ್‌ಗೆ ಆವ್ರೋ ಅನ್ನುವ ನಮೂನೆಯ ಒಂದು ಫೈಲ್ ಬರೆದು ಸ್ಟೋರೇಜ್‌ನಲ್ಲಿ ಇಡುತ್ತದೆ. ಈ ಅವಧಿಯನ್ನು 1ರಿಂದ 15 ನಿಮಿಷದ ತನಕ ಬದಲಾಯಿಸಬಹುದು. ಫೈಲ್ ಬಂತು ಅಂತ ಈವೆಂಟ್ ಗ್ರಿಡ್ ಸುದ್ದಿ ಮುಟ್ಟಿಸಿದಾಗ ಎಕ್ಸ್‌ಪ್ಲೋರರ್ ಅದನ್ನು ಎಳೆದುಕೊಳ್ಳುತ್ತದೆ. 4 ಪಾರ್ಟಿಷನ್‌ಗೆ ದಿನಕ್ಕೆ 1,152 ಸಣ್ಣ ಫೈಲ್. ಫೈಲ್ ಕಾಯುವ ಹೊತ್ತು, ಬ್ಯಾಚ್ ಕಾಯುವ ಹೊತ್ತು ಎರಡೂ ಸೇರಿ ಮೂರರಲ್ಲಿ ಇದೇ ನಿಧಾನ. ನಮ್ಮ ಜೇಸನ್ ಆವ್ರೋ ಒಳಗೆ ಬಾಡಿ ಅನ್ನುವ ಜಾಗದಲ್ಲಿ ಬೈಟ್‌ಗಳಾಗಿ ಇರುವುದರಿಂದ ಬಿಡಿಸುವ ಕೆಲಸವೂ ಜಾಸ್ತಿ. ಫೋಲ್ಡರ್ ಹೆಸರುಗಳೆಲ್ಲ ನಮಗಿಂತ ಐದೂವರೆ ಗಂಟೆ ಹಿಂದಿರುವ ಯುಟಿಸಿ ಲೆಕ್ಕದಲ್ಲಿರುತ್ತವೆ. ಬೆಳಗ್ಗೆ ಆರು ಗಂಟೆಯ ಹಾಲಿನ ಫೈಲ್ ಬೇಕಾದರೆ 00 ಗಂಟೆ 30 ನಿಮಿಷದ ಫೋಲ್ಡರ್ ತೆಗೆಯಬೇಕು. ಎಕ್ಸ್‌ಪ್ಲೋರರ್‌ನಲ್ಲೂ ಹೀಗೇ. ದಿನದ ಲೆಕ್ಕ ಅಂತ ಬರೆದರೆ ದಿನ ಮುರಿಯುವುದು ನಮ್ಮ 5:30ಕ್ಕೆ, ಡೇರಿ ಮುಂದೆ ಹಾಲಿನ ಕ್ಯಾನ್ ಸಾಲು ನಿಲ್ಲುವ ಹೊತ್ತಿಗೆ. ಏಷ್ಯಾ/ಕೋಲ್ಕತಾ ಸಮಯಕ್ಕೆ ಬದಲಾಯಿಸಿಕೊಂಡೇ ಗುಂಪು ಮಾಡಿ.

ಇಷ್ಟು ನಿಧಾನವಾದರೂ ಕ್ಯಾಪ್ಚರ್ ಯಾಕೆ ಬೇಕು ಅನ್ನೋದು ಕೊನೆಯ ವಾರದ ಪರೀಕ್ಷೆಯಲ್ಲಿ ತಿಳಿಯಿತು. ಒಂದು ಶನಿವಾರ ಬೇಕಂತಲೇ ಟೇಬಲ್ ಹೆಸರು ಬದಲಾಯಿಸಿ ಎರಡು ಗಂಟೆ ಬಿಟ್ಟೆ. ನೇರ ಕನೆಕ್ಷನ್ ಆ ಹೊತ್ತಿನ ಸಂದೇಶಗಳನ್ನು ಎಲ್ಲಿ ಹಾಕಲಿ ಅಂತ ತಿಳಿಯದೆ ಫೇಲ್ ಅಂತ ಬರೆದುಕೊಂಡು ಮುಂದೆ ಹೋಯಿತು. ಹೆಸರು ಸರಿಮಾಡಿದ ಮೇಲೆ ಹೊಸದು ಬಂತು, ಹಳೆಯದು ತಾನಾಗಿ ಬರಲಿಲ್ಲ. ಆಗ ಕನೆಕ್ಷನ್ ಅಳಿಸಿ, ಬೇರೆ ಕನ್ಸ್ಯೂಮರ್ ಗ್ರೂಪ್ ಕೊಟ್ಟು, ಎಲ್ಲಿಂದ ಓದಬೇಕು ಅನ್ನುವ ಸಮಯ ಹಾಕಿ ಮತ್ತೆ ಮಾಡಿದೆ. ಕಳೆದದ್ದೆಲ್ಲ ಬಂತು. ಜೊತೆಗೆ ಮೊದಲೇ ಬಂದಿದ್ದ ಕೆಲವು ಎರಡೆರಡು ಸಲ ಬಂದವು. ಈವೆಂಟ್ ಹಬ್ಸ್‌ನಲ್ಲಿ ಒಂದು ಸಂದೇಶ ಕನಿಷ್ಠ ಒಂದು ಸಲ ತಲುಪುತ್ತದೆ ಅನ್ನುವುದಷ್ಟೇ ಖಾತ್ರಿ, ಎರಡು ಸಲ ಬರುವುದಿಲ್ಲ ಅಂತ ಅಲ್ಲ. ಟ್ಯಾಂಕಿನ ನಂಬರ್ ಮತ್ತು ಸಮಯ ಎರಡೂ ಒಂದೇ ಇದ್ದರೆ ಒಂದನ್ನೇ ಇಟ್ಟುಕೊಳ್ಳುವ ಮೆಟೀರಿಯಲೈಸ್ಡ್ ವ್ಯೂ ಬರೆದು ಅದನ್ನೇ ಗ್ರಾಫಿಗೆ ಕೊಟ್ಟಿದ್ದೇನೆ. ಸ್ಟ್ರೀಮ್ ಅನಾಲಿಟಿಕ್ಸನ್ನೂ ಹಿಂದಿನ ಸಮಯದಿಂದ ಮತ್ತೆ ಶುರು ಮಾಡಬಹುದು. ಆದರೆ ಎರಡಕ್ಕೂ ಹಬ್‌ನ 7 ದಿನವೇ ಗಡಿ. ಎಂಟನೇ ದಿನ ತಪ್ಪು ಕಣ್ಣಿಗೆ ಬಿದ್ದರೆ ಉಳಿದಿರುವುದು ಕ್ಯಾಪ್ಚರ್ ಫೈಲ್ ಮಾತ್ರ.

ಈಗ ನಮ್ಮಲ್ಲಿ ದಿನದ ಕೆಲಸವೆಲ್ಲ ನೇರ ಕನೆಕ್ಷನ್ ಮೇಲೆ ನಡೆಯುತ್ತಿದೆ. ಕ್ಯಾಪ್ಚರ್ ಅನ್ನು ಎಕ್ಸ್‌ಪ್ಲೋರರ್‌ಗೆ ಜೋಡಿಸಿಲ್ಲ, ಫೈಲ್ ಬರೆದಿಡಲು ಮಾತ್ರ ಬಿಟ್ಟಿದ್ದೇನೆ, ಖಾಲಿ ಫೈಲ್ ಬರೆಯಬೇಡ ಅನ್ನುವ ಆಯ್ಕೆ ಹಾಕಿ. ಸ್ಟ್ರೀಮ್ ಅನಾಲಿಟಿಕ್ಸ್ ಸಂದೇಶ ಬರಲಿ ಬಿಡಲಿ, ಓಡುತ್ತಿರುವಷ್ಟು ಗಂಟೆಗೂ ದುಡ್ಡು ಕೇಳುತ್ತದೆ. ಎರಡು ಮೂರು ಕಡೆಯ ಹರಿವನ್ನು ಆಗಲೇ ಕೂಡಿಸಿ ತಕ್ಷಣ ಎಚ್ಚರಿಸಬೇಕಾದವರು ಅದನ್ನು ಖಂಡಿತ ನೋಡಬೇಕು. ನಮಗೆ ಬೇಕಾದ ಸರಾಸರಿಯನ್ನು ಎಕ್ಸ್‌ಪ್ಲೋರರೇ ಕೊಡುತ್ತಿರುವುದರಿಂದ, ತಿಂಗಳ ಕೊನೆಗೆ ಆ ಜಾಬ್ ನಿಲ್ಲಿಸಿದೆ.