ಹಂಪನಕಟ್ಟೆಯ ಬಾಡಿಗೆ ಪುಸ್ತಕದ ಅಂಗಡಿ: ಆರು ವರ್ಷ ಹೋಗಿ ಬಂದ ಮೇಲೆ ಬರೆಯುವ ರಿವ್ಯೂ

ಮಂಗಳೂರಿನ ಹಂಪನಕಟ್ಟೆ ಸಿಗ್ನಲ್‌ನಿಂದ ಸ್ವಲ್ಪ ಒಳಗೆ ಹೋದ್ರೆ ಒಂದು ಹಳೇ ಬಿಲ್ಡಿಂಗಿನ ಮೇಲಿನ ಮಾಳಿಗೆಯಲ್ಲಿ ಬಾಡಿಗೆಗೆ ಪುಸ್ತಕ ಕೊಡುವ ಒಂದು ಅಂಗಡಿ ಉಂಟು. ಬಿಸಿಲಿಗೂ ಮಳೆಗೂ ಬೋರ್ಡಿನ ಅಕ್ಷರ ಎಲ್ಲ ಹೋಗಿ ಈಗ ಬರೀ ತಗಡು ಉಳಿದಿದೆ, ಹಾಗಾಗಿ ಹೆಸರು ಹಿಡಿದು ಕೇಳಿದ್ರೆ ಯಾರಿಗೂ ಗೊತ್ತಾಗುದಿಲ್ಲ, "ಲೈಬ್ರರಿ ಮಾಮ್" ಅಂತ ಕೇಳಿ, ಕೆಳಗಿನ ಜ್ಯೂಸ್ ಅಂಗಡಿಯವರು ಮೆಟ್ಟಿಲು ತೋರಿಸ್ತಾರೆ. ಮಾಮ್ ಅಂದ್ರೆ ಅಂಗಡಿ ನಡೆಸುವ ಯಜಮಾನರು. ಆರು ವರ್ಷದಿಂದ ತಿಂಗಳಿಗೆ ಎರಡು ಸಲವಾದ್ರೂ ಆ ಮೆಟ್ಟಿಲು ಹತ್ತುತ್ತಾ ಇದ್ದೇನೆ. ಮೊನ್ನೆ ಆಫೀಸಿಗೆ ಹೊಸದಾಗಿ ಸೇರಿದ ಹುಡುಗಿ "ಅಕ್ಕಾ, ನಂಗೆ ಕಾದಂಬರಿ ಓದ್ಲಿಕ್ಕೆ ಶುರು ಮಾಡ್ಬೇಕು, ಯಾವುದು ಒಳ್ಳೇದು ಅಂತ ಮೊದಲೇ ಗೊತ್ತಾಗುದು ಹೇಗೆ" ಅಂತ ಕೇಳಿದಳು, ಅವಳಿಗೆ ಊಟದ ಹೊತ್ತಲ್ಲಿ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೀತೇನೆ.

ಮೊದಲು ಲೆಕ್ಕ. ಡಿಪಾಸಿಟ್ 500 ರೂಪಾಯಿ, ಬಿಡುವಾಗ ವಾಪಸ್ ಕೊಡ್ತಾರೆ. ಪುಸ್ತಕದ ಬೆಲೆಯ ಹತ್ತನೇ ಒಂದು ಪಾಲು ಬಾಡಿಗೆ, ಅದು 10 ದಿನಕ್ಕೆ, ಅಂದ್ರೆ 250 ರೂಪಾಯಿಯ ಪುಸ್ತಕ 25ಕ್ಕೆ. ಲೇಟಾದ್ರೆ ದಿನಕ್ಕೆ 2 ರೂಪಾಯಿ. ಮರುದಿನವೇ "ಇದು ಆಗ್ಲಿಲ್ಲ ಮಾಮ್" ಅಂತ ವಾಪಸ್ ಕೊಟ್ರೆ ಅದೇ ದುಡ್ಡಿಗೆ ಬೇರೆ ಪುಸ್ತಕ ಕೊಡ್ತಾರೆ, ಯಾಕೆ ಆಗ್ಲಿಲ್ಲ ಅಂತ ಮಾತ್ರ ಹೇಳ್ಬೇಕು. ಈ ನಿಯಮ ಇರುದ್ರಿಂದಲೇ ನಾನು ಗೊತ್ತಿಲ್ಲದ ಲೇಖಕರನ್ನು ಧೈರ್ಯವಾಗಿ ತಗೊಂಡು ನೋಡಿದ್ದು. ದುಡ್ಡು ಕೊಟ್ಟು ತಂದದ್ದಾದ್ರೆ ಇಷ್ಟ ಇಲ್ಲದಿದ್ರೂ ಹಲ್ಲು ಕಚ್ಚಿ ಓದಿ ಮುಗಿಸ್ತೇವೆ, ಆಮೇಲೆ ಆರು ತಿಂಗಳು ಪುಸ್ತಕದ ಸುದ್ದಿಗೇ ಹೋಗುದಿಲ್ಲ, ನನ್ನ ಗುರ್ತಿನವರಲ್ಲಿ ಎಷ್ಟೋ ಜನ ಓದುದು ಬಿಟ್ಟದ್ದು ಹೀಗೆಯೇ. ಬಲ್ಮಠದ ಅತ್ರಿ ಬುಕ್ ಸೆಂಟರ್ 2012ರಲ್ಲಿ ಮುಚ್ಚಿದ ಮೇಲೆ ನಿಂತು ನಾಲ್ಕು ಪುಟ ತಿರುಗಿಸಿ ನೋಡುವ ಜಾಗ ನಂಗೆ ಊರಲ್ಲಿ ಕಡಿಮೆಯಾಗಿತ್ತು, ಈ ಅಂಗಡಿ ಸಿಕ್ಕಿದ ಮೇಲೆಯೇ ಮತ್ತೆ ಸರಿಯಾಗಿ ಓದ್ಲಿಕ್ಕೆ ಶುರು ಮಾಡಿದ್ದು.

ಇಲ್ಲಿ ಪುಸ್ತಕ ಆರಿಸುವ ರೀತಿ ನಾನು ಬೇರೆಲ್ಲೂ ಕಲಿತದ್ದಲ್ಲ. ಪ್ರತಿ ಪುಸ್ತಕದ ಕೊನೇ ಪುಟಕ್ಕೆ ತಾರೀಕಿನ ಚೀಟಿ ಅಂಟಿಸಿರ್ತಾರೆ, ನೇರಳೆ ಶಾಯಿಯ ಸೀಲು, ಒಂದರ ಕೆಳಗೆ ಒಂದು. ಚೀಟಿಯ ಬದಿಯಲ್ಲಿ ಓದಿದವರು ಪೆನ್ಸಿಲಲ್ಲಿ ಸಣ್ಣ ಗುರುತು ಹಾಕಿ ಹೋಗ್ತಾರೆ, ಹೆಸರು ಮರ್ತು ಓದಿದ್ದನ್ನೇ ಇನ್ನೊಮ್ಮೆ ತಗೊಂಡು ಹೋಗ್ಬಾರ್ದಲ್ಲ, ಅದಕ್ಕೆ. ಒಬ್ಬರದ್ದು "ಸ", ಒಬ್ಬರದ್ದು ಎರಡು ಗೆರೆ, ಒಬ್ಬರದ್ದು ಗುಂಡಿ ಹಾಗೆ ಒಂದು ಸೊನ್ನೆ, ಇನ್ನೊಬ್ಬರದ್ದು ತ್ರಿಕೋನ. ಈ ತ್ರಿಕೋನದವರು ಯಾರು ಅಂತ ನಂಗೆ ಇವತ್ತಿನವರೆಗೆ ಗೊತ್ತಿಲ್ಲ, ಮಾಮ್ ಹೇಳುದೂ ಇಲ್ಲ, ಆದ್ರೆ ಅವರ ಗುರುತು ಇದ್ದ ಹತ್ತು ಪುಸ್ತಕದಲ್ಲಿ ಎಂಟು ನಂಗೆ ಹಿಡಿಸಿದೆ, ಮುಖ ನೋಡದ ಮನುಷ್ಯರ ಜೊತೆ ಆರು ವರ್ಷದ ಸ್ನೇಹ ಅಂತಲೇ ನಾನು ಲೆಕ್ಕ ಹಾಕಿದ್ದೇನೆ.

ಇನ್ನೊಂದು ಮಾಮ್ ಕಲಿಸಿದ್ದು. ಪುಸ್ತಕ ಮುಚ್ಚಿ ಬೆನ್ನಿನ ಎದುರಿನ ಅಂಚು ಬೆಳಕಿಗೆ ಹಿಡಿದು ನೋಡ್ಬೇಕು. ಹತ್ತಾರು ಜನ ಬೆರಳಿಟ್ಟು ತಿರುಗಿಸಿದ ಪುಟಗಳ ಅಂಚು ಕಂದು ಆಗಿರ್ತದೆ, ಯಾರೂ ಮುಟ್ಟದ ಪುಟ ಬೆಳ್ಳಗೆ ಉಳಿದಿರ್ತದೆ. ಮೊನ್ನೆ ಭಾರೀ ಹೆಸರು ಮಾಡಿದ ಒಂದು ಇಂಗ್ಲಿಷ್ ಸಾಹಸ ಕಾದಂಬರಿ ತೆಗೆದು ನೋಡಿದೆ, 400 ಪುಟದ ಪುಸ್ತಕ, ಮೊದಲ 80 ಪುಟದಷ್ಟು ಕಂದು, ಆಮೇಲೆ ಪೂರ್ತಿ ಬಿಳಿ. ಚೀಟಿಯಲ್ಲಿ ಹನ್ನೊಂದು ಸೀಲು ಉಂಟು, ಹನ್ನೊಂದು ಜನ ಒಂದೇ ಕಡೆ ಕೈಬಿಟ್ಟಿದ್ದಾರೆ. ರಕ್ಷಾಪುಟದಲ್ಲಿ "ಲಕ್ಷಗಟ್ಟಲೆ ಪ್ರತಿ ಮಾರಾಟ" ಅಂತ ಹೊಳೆಯುವ ಅಕ್ಷರ. ಮಾರಾಟ ಆಗಿರ್ಬಹುದು, ಓದಿದ್ದಾರಾ ಅಂತ ಕೇಳ್ಬೇಕಲ್ವಾ? ಅದಕ್ಕೆ ಉತ್ತರ ಆ ಅಂಚಿನಲ್ಲಿತ್ತು.

ಸಾಹಸದ ಕಪಾಟು ಬಾಗಿಲ ಹತ್ರವೇ ಉಂಟು. ಈ ಜಾತಿಯ ಕಾದಂಬರಿಗೆ ಸುರು ಚೆನ್ನಾಗಿರುದು ದೊಡ್ಡ ವಿಷಯ ಅಲ್ಲ, ಒಂದು ಕೊಲೆಯೋ ನಕ್ಷೆಯೋ ಇಟ್ರೆ ಯಾರಾದ್ರೂ 50 ಪುಟ ಓದ್ತಾರೆ, ನಡುವಿನ 100 ಪುಟ ಹೇಗೆ ಅಂತ ನೋಡ್ಬೇಕು. 1883ರಲ್ಲಿ ಬಂದ ಟ್ರೆಷರ್ ಐಲ್ಯಾಂಡ್ ಹುಟ್ಟಿದ್ದೇ ಸ್ಟೀವನ್‌ಸನ್ ಮನೆಯಲ್ಲಿ ಹುಡುಗನ ಜೊತೆ ಕೂತು ಬಿಡಿಸಿದ ಒಂದು ದ್ವೀಪದ ನಕ್ಷೆಯಿಂದ ಅಂತ ಓದಿದ್ದೆ, ಅದನ್ನು ತಿಳ್ಕೊಂಡ ಮೇಲೆ ನಾನು ಪ್ರತಿ ಸಾಹಸ ಕಾದಂಬರಿಯಲ್ಲೂ ಒಂದು ಪ್ರಶ್ನೆ ಕೇಳ್ತೇನೆ, ಬರೆದವರಿಗೆ ಆ ಜಾಗ ಕಣ್ಣಿಗೆ ಕಟ್ಟಿದೆಯಾ ಇಲ್ವಾ, ದಾರಿ ಗೊತ್ತುಂಟಾ ಇಲ್ವಾ. ತೇಜಸ್ವಿಯವರ ಜುಗಾರಿ ಕ್ರಾಸ್ ಹೆಚ್ಚು ಕಡಿಮೆ ಒಂದೇ ದಿನದ ಕಥೆ, ಏಲಕ್ಕಿ ಮಾರಿ ಮನೆಗೆ ಹೊರಟ ಗಂಡ ಹೆಂಡತಿ, ಅಷ್ಟೇ, ಆದ್ರೆ ಘಟ್ಟದ ಆ ತಿರುವು, ಆ ಕಾಡು, ಆ ರೈಲು ಎಲ್ಲ ಅವರಿಗೆ ಅಂಗೈಯಷ್ಟು ಗೊತ್ತು, ಹಾಗಾಗಿ ಓದುವವರಿಗೆ ಉಸಿರು ಬಿಡ್ಲಿಕ್ಕೆ ಪುರ್ಸೊತ್ತಿಲ್ಲ. ಇಲ್ಲಿಯ ಪ್ರತಿ ಈಗ ಮೂರನೇ ಸಲ ಬೈಂಡ್ ಆಗಿದೆ, ಅಂಚು ಮೊದಲಿಂದ ಕೊನೇವರೆಗೆ ಒಂದೇ ಬಣ್ಣ. ವಸುಧೇಂದ್ರರ ತೇಜೋ ತುಂಗಭದ್ರಾ 2019ರದ್ದು, ಅದೂ ಹಾಗೆಯೇ, ಲಿಸ್ಬನ್‌ನಿಂದ ಹೊರಟ ಹಡಗಿನ ಭಾಗ ಓದುವಾಗ ನಂಗೆ ಬಂದರಿನ ಉಪ್ಪು ವಾಸನೆ ಮೂಗಿಗೆ ಬಂದಿತ್ತು, ಅದು ಸಾಹಸವಾ ಪ್ರೇಮವಾ ಚರಿತ್ರೆಯಾ ಅಂತ ಮಾಮ್‌ಗೇ ತೀರ್ಮಾನ ಆಗದೆ ಎರಡು ಪ್ರತಿ ತಂದು ಎರಡು ಕಪಾಟಿನಲ್ಲಿ ಇಟ್ಟಿದ್ದಾರೆ. ಪತ್ತೇದಾರಿ, ಯಂಡಮೂರಿಯವರ ಅನುವಾದಗಳು ಎಲ್ಲ ಬೇಕಾದಷ್ಟು ಉಂಟು, ಅದರ ಬಗ್ಗೆ ನಾನು ಹೇಳುವ ಅಗತ್ಯ ಇಲ್ಲ, ಬಸ್ಸಿಗೆ ಹೋಗುವ ಮೊದಲು ಒಂದು ಹಿಡ್ಕೊಂಡು ಹೋಗುವವರು ದಿನಾ ಬರ್ತಾರೆ.

ಫ್ಯಾಂಟಸಿಗೆ ನಾನು ಬಂದದ್ದು ಮಗಳಿಂದ. ಅವಳು ಎಂಟನೇ ಕ್ಲಾಸು. ಮೊದಮೊದಲು ನಂಗೆ ಅದೆಲ್ಲ ಮಕ್ಕಳದ್ದು ಅಂತ ಇತ್ತು. ಒಂದು ದಿನ ಅವಳು ಒಂದು ಪುಸ್ತಕ ಅರ್ಧಕ್ಕೆ ಬಿಟ್ಟು "ಅಮ್ಮಾ, ಇದರಲ್ಲಿ ಹೀರೋಗೆ ಎಂತ ಬೇಕಾದ್ರೂ ಮಂತ್ರದಲ್ಲಿ ಸಿಕ್ತದೆ, ಮತ್ತೆ ಹೆದರುದು ಯಾಕೆ" ಅಂತ ಕೇಳಿದಳು. ಅವಳು ಹೇಳಿದ್ದು ನೂರಕ್ಕೆ ನೂರು ಸರಿ, ಮತ್ತೆ ನಮ್ಮ ಕಡೆ ಯಕ್ಷಗಾನದ ಆಟ ನೋಡಿ ಬೆಳೆದವರಿಗೆ ಇದು ಗೊತ್ತಿರುವ ವಿಷಯವೇ. ಭಸ್ಮಾಸುರನಿಗೆ ವರ ಸಿಕ್ತದೆ, ಕೈ ಇಟ್ಟಲ್ಲಿ ಬೂದಿ, ಆದ್ರೆ ಆ ಕೈ ಅವನ ತಲೆ ಮೇಲೂ ಹೋಗ್ಬಹುದು. ಹಿರಣ್ಯಕಶಿಪು ಹಗಲೂ ಅಲ್ಲ ರಾತ್ರಿಯೂ ಅಲ್ಲ, ಒಳಗೂ ಅಲ್ಲ ಹೊರಗೂ ಅಲ್ಲ ಅಂತ ಎಷ್ಟು ಜಾಣತನದಲ್ಲಿ ಕೇಳಿದ್ರೂ ಮುಸ್ಸಂಜೆ ಉಳೀತದೆ, ಹೊಸ್ತಿಲು ಉಳೀತದೆ. ರಾತ್ರಿ ಇಡೀ ಚಾಪೆ ಹಾಕಿ ಕೂತು ನಾವು ಕಾಯ್ತಾ ಇದ್ದದ್ದು ಆ ಸಂದಿಗೇ ಅಲ್ವಾ. ಟೋಲ್ಕಿನ್ ಅವರ ಉಂಗುರ ಹಾಕಿದವನು ಮಾಯ ಆಗ್ತಾನೆ, ಆದ್ರೆ ಉಂಗುರ ಅವನನ್ನು ಸ್ವಲ್ಪ ಸ್ವಲ್ಪವೇ ತಿನ್ನುತ್ತದೆ, ಲಾರ್ಡ್ ಆಫ್ ದ ರಿಂಗ್ಸ್ 1954-55ರಲ್ಲಿ ಬಂದದ್ದು ಇವತ್ತಿಗೂ ಕೈಯಿಂದ ಕೈಗೆ ಹೋಗುದು ಈ ಕಾರಣಕ್ಕೆ ಅಂತ ನಂಗೆ ಅನ್ನಿಸ್ತದೆ. ಮಂತ್ರಕ್ಕೆ ಬೆಲೆ ಎಷ್ಟು, ಕಟ್ಟುವವರು ಯಾರು, ಇದನ್ನು ನಾನು ಮೊದಲ 40 ಪುಟದಲ್ಲಿ ಹುಡುಕ್ತೇನೆ, ಸಿಗದಿದ್ರೆ ಮರುದಿನವೇ ವಾಪಸ್. ಮುನ್ನುಡಿಯಲ್ಲೇ ಹತ್ತು ರಾಜ್ಯದ ಹೆಸರು, ಇಪ್ಪತ್ತು ರಾಜರ ವಂಶಾವಳಿ ಕೊಟ್ಟ ಕೂಡ್ಲೆ ಲೋಕ ಕಟ್ಟಿದ ಹಾಗೆ ಆಗುದಿಲ್ಲ, ಆ ಊರಲ್ಲಿ ಬೆಳಿಗ್ಗೆ ಎಂತ ತಿಂತಾರೆ, ಸಾಲ ಯಾರು ಕೊಡ್ತಾರೆ ಅಂತ ಗೊತ್ತಾದ್ರೆ ಮಾತ್ರ ನಂಗೆ ಅದು ಊರು ಅಂತ ನಂಬಿಕೆ ಬರುದು. ಒಂದು ಬೇಜಾರು ಎಂತ ಅಂದ್ರೆ ಈ ಕಪಾಟಿನಲ್ಲಿ ಕನ್ನಡದ್ದು ತುಂಬಾ ಕಡಿಮೆ, ಮೇಲಿನ ಸಾಲಿನ ಅರ್ಧ ಸಹ ತುಂಬುದಿಲ್ಲ, ಇಷ್ಟು ಭೂತ, ನಾಗ, ಯಕ್ಷರ ಕಥೆ ಇಟ್ಕೊಂಡ ನಮ್ಮ ಕಡೆಯಿಂದ ದೊಡ್ಡವರಿಗೆ ಓದುವಂಥ ದಪ್ಪ ಫ್ಯಾಂಟಸಿ ಕಾದಂಬರಿ ಸಾಲು ಸಾಲಾಗಿ ಬರ್ಬೇಕಿತ್ತು ಅಂತ ನಂಗೆ ಪ್ರತಿ ಸಲ ಆ ಕಪಾಟಿನ ಎದುರು ನಿಂತಾಗ ಅನ್ನಿಸ್ತದೆ.

ರೊಮ್ಯಾನ್ಸ್ ಕಪಾಟು ಒಳಗೆ, ಕಿಟಕಿ ಬದಿ. ಅದನ್ನು ಓದುವವರನ್ನು ಸ್ವಲ್ಪ ಸಸಾರ ಮಾಡುವವರು ಇದ್ದಾರೆ, ನಂಗೆ ಅದು ಸರಿ ಕಾಣುದಿಲ್ಲ. ಮಿಲ್ಸ್ ಅಂಡ್ ಬೂನ್ 1908ರಲ್ಲಿ ಲಂಡನ್‌ನಲ್ಲಿ ಶುರುವಾದ ಕಂಪನಿ, ಅವರ ಸಣ್ಣ ಪ್ರೇಮ ಕಾದಂಬರಿ ತೆರೆಯುವ ಮೊದಲೇ ಇಬ್ಬರೂ ಕೊನೆಗೆ ಒಂದಾಗ್ತಾರೆ ಅಂತ ಎಲ್ರಿಗೂ ಗೊತ್ತು. ಗೊತ್ತಿದ್ದೂ 180 ಪುಟ ಓದಿಸುದು ಸುಲಭದ ಕೆಲಸವಾ? ನೋಡ್ಬೇಕಾದ್ದು ಇಬ್ಬರ ನಡುವೆ ನಿಂತದ್ದು ಎಂತ ಅಂತ. ಒಂದು ಫೋನ್ ಮಾಡಿ ಕೇಳಿದ್ರೆ ಮುಗಿಯುವ ತಪ್ಪು ತಿಳುವಳಿಕೆಯನ್ನೇ ಎಳೆದು ಎಳೆದು ಬರೆದ್ರೆ ನಂಗೆ ಸಿಟ್ಟು ಬರ್ತದೆ. ತ್ರಿವೇಣಿಯವರ ಬೆಳ್ಳಿ ಮೋಡದಲ್ಲಿ ನಡುವೆ ಬಂದದ್ದು ಆಸ್ತಿ, ಒಬ್ಬಳೇ ಮಗಳು ಅಂತ ಇದ್ದ ಮನೆಯಲ್ಲಿ ಗಂಡು ಮಗು ಹುಟ್ಟಿದ ಕೂಡ್ಲೆ ಹುಡುಗನ ಮನಸ್ಸು ತಿರುಗ್ತದೆ, ಅಲ್ಲಿ ಪ್ರೀತಿಯ ತೂಕ ಎಷ್ಟಿತ್ತು ಅಂತ ಓದುವವರಿಗೂ ಹುಡುಗಿಗೂ ಒಟ್ಟಿಗೇ ಗೊತ್ತಾಗುದು. ಪುಟ್ಟಣ್ಣ 1967ರಲ್ಲಿ ಅದನ್ನು ಸಿನೆಮಾ ಮಾಡಿದ್ರು, ಸಿನೆಮಾ ನೋಡಿದವರೂ ಪುಸ್ತಕ ಓದಿ, ಆ ಹುಡುಗಿಯ ಒಳಗಿನ ಮಾತು ಪುಟದಲ್ಲಿ ಹೆಚ್ಚು ಹತ್ತಿರದಿಂದ ಕೇಳ್ತದೆ. ಮತ್ತೆ ಇದು ನಮ್ಮ ಊರಿನ ಮಾತು, ಗುಲ್ವಾಡಿ ವೆಂಕಟರಾಯರ ಇಂದಿರಾಬಾಯಿ 1899ರಲ್ಲಿ ಇಲ್ಲೇ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್‌ನಲ್ಲಿ ಪ್ರಿಂಟಾದದ್ದು, ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಅಂತ ಪಾಠದಲ್ಲಿ ಹೇಳ್ತಾರೆ, ಆದ್ರೆ ಅದರಲ್ಲಿ ಒಬ್ಬಳು ಚಿಕ್ಕ ವಯಸ್ಸಿನ ವಿಧವೆ ಓದು ಕಲಿತು ಮತ್ತೆ ಮದುವೆ ಆಗ್ತಾಳೆ ಅಂತ ಹೇಳಿದ್ರೆ ಎಷ್ಟು ಜನ ಹುಡುಗಿಯರು ತೆಗೆದು ನೋಡ್ತಿದ್ರು. ಇಬ್ಬರ ನಡುವೆ ಇಡೀ ಊರೇ ಅಡ್ಡ ನಿಂತದ್ದು ಅಂದ್ರೆ ಅದು. ಮಾಮ್ ಅದನ್ನು ಹಳೇ ಸಾಹಿತ್ಯದ ಮೂಲೆಯಿಂದ ತೆಗೆದು ಕಿಟಕಿ ಬದಿ ಕಪಾಟಿಗೆ ತಂದಿಟ್ಟಿದ್ದಾರೆ, ತುಂಬಾ ಒಳ್ಳೇ ಕೆಲಸ.

ಆನ್‌ಲೈನ್‌ನಲ್ಲಿ ತರಿಸಿದ್ರೆ ಆಗುದಿಲ್ವಾ ಅಂತ ಕೇಳ್ಬಹುದು. ನಾನೂ ತರಿಸ್ತೇನೆ. ಆದ್ರೆ ಕಳೆದ ವರ್ಷ ಒಂದು ಸೈಟ್‌ನಿಂದ ಅರ್ಧ ಬೆಲೆಗೆ ಸಿಕ್ಕಿತು ಅಂತ ಮಗಳ ಬರ್ತ್‌ಡೇಗೆ ಒಂದು ಫ್ಯಾಂಟಸಿ ಸೆಟ್ ತರಿಸಿದೆ, ಬಂದದ್ದು ನಕಲಿ ಪ್ರಿಂಟು. ಕಾಗದ ತೆಳು, ಹಿಂದಿನ ಪುಟದ ಅಕ್ಷರ ಮುಂದೆ ಕಾಣ್ತದೆ, 212ರ ನಂತರ ಪುನಃ 181 ಬಂದಿದೆ. ಮೊದಲ ಭಾಗ ಪೂರ್ತಿ ಓದ್ಲಿಕ್ಕೇ ಆಗದೆ ಮಗು ಅತ್ತಿದ್ದಳು. ಬರೆದವರಿಗೂ ಅದರಿಂದ ಒಂದು ಪೈಸೆ ಹೋಗುದಿಲ್ಲ. ಸ್ಟಾರ್ ನೋಡಿದ್ರೆ ನಾಲ್ಕೂವರೆ ಇತ್ತು, ಆ ಸ್ಟಾರ್ ಕಥೆಗಾ, ಡೆಲಿವರಿ ಬೇಗ ಬಂದದ್ದಕ್ಕಾ ಅಂತ ಯಾರಿಗೆ ಗೊತ್ತು.

ಅಂಗಡಿಯಲ್ಲಿ ಕೊರತೆ ಇಲ್ಲ ಅಂತ ಹೇಳುದಿಲ್ಲ. ಮಧ್ಯಾಹ್ನ 1ರಿಂದ 3.30ವರೆಗೆ ಬಾಗಿಲು ಹಾಕ್ತಾರೆ, ಆಫೀಸಿನವರಿಗೆ ಸಿಗುವ ಹೊತ್ತೇ ಅದು. ಗಾಡಿ ನಿಲ್ಲಿಸ್ಲಿಕ್ಕೆ ಜಾಗ ಇಲ್ಲವೇ ಇಲ್ಲ, ಬಸ್ಸಿಗೆ ಬನ್ನಿ. ಹೊಸ ಪುಸ್ತಕ ಬರ್ಲಿಕ್ಕೆ ಮೂರು ನಾಲ್ಕು ತಿಂಗಳು ಹಿಡೀತದೆ. ಮಳೆಗಾಲ ಅಂತೂ ದೊಡ್ಡ ತಲೆಬಿಸಿ, ಜೂನ್ ಬಂತು ಅಂದ್ರೆ ಕಾಗದ ಉಬ್ಬಿ ಪುಸ್ತಕ ಬಾಯಿ ಬಿಡ್ತದೆ, ಕೆಳಗಿನ ಸಾಲಿಗೆ ಬೂಷ್ಟು ಹಿಡೀತದೆ, ಮಾಮ್ ಮತ್ತೆ ಅವರ ಹೆಂಡತಿ ಇಬ್ಬರೂ ಕೂತು ಒಂದೊಂದನ್ನೇ ಒಣ ಬಟ್ಟೆಯಲ್ಲಿ ಒರೆಸಿ ಫ್ಯಾನಿನ ಕೆಳಗೆ ತೆರೆದು ಇಡ್ತಾರೆ, ಈ ವಯಸ್ಸಲ್ಲಿ ಅವರು ಮಾಡುದು ನೋಡಿದ್ರೆ ಹೊಟ್ಟೆ ಚುರ್ ಅಂತದೆ. ಧೂಳಿನ ಅಲರ್ಜಿ ಇದ್ದವರು ಮಾಸ್ಕ್ ಹಾಕಿ ಹೋಗಿ. ಈಗ ಸ್ಕ್ಯಾನ್ ಮಾಡಿ ದುಡ್ಡು ಕೊಡ್ಲಿಕ್ಕೆ ಆಗ್ತದೆ, ಮೊದಲು ಚಿಲ್ಲರೆ ಬೇಕಿತ್ತು.

ಆದ್ರೆ ಒಂದು ವಿಷಯ. ನಕಲಿ ಸೆಟ್ಟಿನ ಕಥೆ ಕೇಳಿ ಮಾಮ್ ಅದೇ ಕಥೆಯ ಒರಿಜಿನಲ್ ಮೂರು ಭಾಗ ಎಲ್ಲಿಂದಲೋ ತರಿಸಿದ್ರು, "ಪುಟ್ಟಿ, ನೀನು ಓದಿ ಹೇಳು, ಆಮೇಲೆ ಬೇರೆಯವ್ರಿಗೆ ಕೊಡ್ತೇನೆ" ಅಂತ ಮೊದಲ ಭಾಗ ನನ್ನ ಮಗಳ ಕೈಗೇ ಕೊಟ್ರು. ಅವಳು ನಾಲ್ಕು ದಿನದಲ್ಲಿ ಮುಗಿಸಿ ಚೀಟಿಯ ಬದಿಯಲ್ಲಿ ಒಂದು ಸಣ್ಣ ಮೀನು ಬಿಡಿಸಿ ಬಂದಳು, ಅದು ಅವಳ ಗುರುತಂತೆ. ಅಷ್ಟರಲ್ಲಿ ಎರಡನೇ ಭಾಗ ಯಾರೋ ತಗೊಂಡು ಹೋಗಿದ್ದಾರೆ, ತಾರೀಕು ದಾಟಿ ಒಂದು ತಿಂಗಳಾಯ್ತು, ಮಾಮ್‌ನ ನೋಟ್‌ಬುಕ್ಕಲ್ಲಿ ಹೆಸರು ಉಂಟು ಆದ್ರೆ ಅವರು ಫೋನ್ ಮಾಡಿ ಕೇಳುವ ಜಾತಿಯವರಲ್ಲ. ಮೂರನೇ ಭಾಗ ಮೊದಲೇ ಓದುದಿಲ್ಲ ಅಂತ ಇವಳು ಹಟ ಹಿಡಿದು ಕೂತಿದ್ದಾಳೆ. ಹಸಿರು ರಕ್ಷಾಪುಟ, ಬೆನ್ನಿಗೆ ಕಂದು ಟೇಪು ಹಾಕಿದ್ದು. ತಗೊಂಡು ಹೋದವರು ಇದನ್ನು ಓದ್ತಾ ಇದ್ರೆ ದಯವಿಟ್ಟು ಈ ಶನಿವಾರದ ಒಳಗೆ ಕೊಟ್ಟುಬಿಡಿ, ಲೇಟ್ ಫೀ ನಾನು ಕೊಡ್ತೇನೆ.