ಎಕ್ಸೋಡಸ್ 90: ಆ್ಯಪ್ ಹಾಕಿಕೊಳ್ಳುವ ಮೊದಲು ಐದು ಜನ ಸಿಗುತ್ತಾರಾ ನೋಡಿ

ಎಕ್ಸೋಡಸ್ 90 ಅಂದರೆ ಕಥೋಲಿಕ ಗಂಡಸರು ಗುಂಪಾಗಿ, ಒಂದು ಆ್ಯಪ್ ಹಿಡಿದು 90 ದಿನ ನಡೆಸುವ ಪ್ರಾರ್ಥನೆ, ತಪಸ್ಸಿನ ಕಾರ್ಯಕ್ರಮ. ಅದರ ಹೆಸರೆತ್ತಿದ ಕೂಡಲೇ ಎಲ್ಲರೂ ಕೇಳುವುದು ತಣ್ಣೀರು ಸ್ನಾನದ ನಿಯಮದ ಬಗ್ಗೆ. ಮಂಗಳೂರು, ಉಡುಪಿ ಕಡೆಯವರಾದರೆ ‘ಅದರಲ್ಲೇನು ತಪಸ್ಸು?’ ಅಂತ ನಗುತ್ತಾರೆ. ನಗಬೇಕಾದ್ದೇ. ಜನವರಿಯಲ್ಲಿ ಅಮೆರಿಕದ ಇಂಡಿಯಾನಾದ ನಲ್ಲಿಯಲ್ಲಿ ಬರುವ ನೀರಿಗೂ ನಮ್ಮ ಬಾವಿ ನೀರಿಗೂ ಎಲ್ಲಿಯ ಹೋಲಿಕೆ? ಆದರೆ ಈ ಕಾರ್ಯಕ್ರಮದ ಜೀವ ಇರುವುದು ವಾರಕ್ಕೊಮ್ಮೆ ಐದಾರು ಗಂಡಸರು ಒಂದೆಡೆ ಕೂರುವ ಆ ಒಂದು ಗಂಟೆಯಲ್ಲಿ. ಅದು ಸರಿಯಿದ್ದರೆ ಉಳಿದದ್ದೆಲ್ಲ ನಡೆಯುತ್ತದೆ. ಅದಿಲ್ಲದಿದ್ದರೆ ಆ್ಯಪಿನ ಚಂದಾ ದುಡ್ಡು ದಂಡ.

ಅಮೆರಿಕದ ಮೇರಿಲ್ಯಾಂಡ್‌ನಲ್ಲಿ ಗುರುಗಳಾಗುವವರು ಕಲಿಯುವ ಮೌಂಟ್ ಸೇಂಟ್ ಮೇರೀಸ್ ಸೆಮಿನರಿಯಲ್ಲಿ ಫಾದರ್ ಬ್ರಯಾನ್ ಡೋರ್ ಅವರು ರೂಪಿಸಿದ ಕ್ರಮ ಇದು. 2015ರಲ್ಲಿ ಜೇಮ್ಸ್ ಬ್ಯಾಕ್ಸ್ಟರ್ ಅದನ್ನು ಸೆಮಿನರಿಯ ಗೋಡೆ ದಾಟಿಸಿ, ಸಂಸಾರವಂದಿಗರೂ ಹಿಡಿಯುವ ಹಾಗೆ ಮಾಡಿದರು. ಪ್ರಾರ್ಥನೆ, ತಪಸ್ಸು, ಸೋದರ ಬಳಗ ಎಂಬ ಮೂರು ಕಂಬ, 90 ದಿನ, ಜೊತೆಗೆ ಓದಲು ಬೈಬಲಿನ ವಿಮೋಚನಾಕಾಂಡ, ಅಂದರೆ ಎಕ್ಸೋಡಸ್. ದಿನಕ್ಕೊಂದು ವಾಕ್ಯಭಾಗ, ಅದರ ಮೇಲೊಂದು ಚಿಕ್ಕ ಚಿಂತನೆ. ಅರಸ ಫರೋಹನ ಕೈಯಿಂದ ಬಿಡಿಸಿಕೊಂಡ ಜನ ಹದಿನಾರನೇ ಅಧ್ಯಾಯಕ್ಕೆ ಬರುವಷ್ಟರಲ್ಲೇ ಈಜಿಪ್ಟಿನ ಮಾಂಸದ ಪಾತ್ರೆಗಳನ್ನು ನೆನೆದು ಗೊಣಗುತ್ತಾರಲ್ಲ, ಆ ಭಾಗವನ್ನು ಸಿಹಿ ಬಿಟ್ಟ ನಾಲಿಗೆಯಲ್ಲಿ ಓದಿದರೆ ಬೇರೆಯದೇ ಅರ್ಥ ಕಾಣುತ್ತದೆ. ಓದಿನ ಆಯ್ಕೆಗೆ ಪೂರ್ತಿ ಅಂಕ.

ನಿಯಮಗಳ ಪಟ್ಟಿ ಉದ್ದ. ಮದ್ಯ ಇಲ್ಲ. ಸಿಹಿತಿಂಡಿ, ಸಿಹಿ ಪಾನೀಯ ಇಲ್ಲ. ಊಟದ ನಡುವೆ ಕುರುಕಲು ಇಲ್ಲ. ಟಿವಿ, ಸಿನಿಮಾ, ಟಿವಿಯಲ್ಲಿ ಬರುವ ಪಂದ್ಯಗಳು, ವಿಡಿಯೋ ಗೇಮ್ ಇಲ್ಲ. ಫೋನು, ಕಂಪ್ಯೂಟರು ಕೆಲಸಕ್ಕೆಷ್ಟು ಬೇಕೋ ಅಷ್ಟೇ. ಬೇಡದ ಖರೀದಿ ಇಲ್ಲ. ಬುಧವಾರ, ಶುಕ್ರವಾರ ಉಪವಾಸ, ಮಾಂಸವರ್ಜನೆ. ಅದರ ಮೇಲೆ ವ್ಯಾಯಾಮ ಮತ್ತು ಕನಿಷ್ಠ ಏಳು ಗಂಟೆ ನಿದ್ದೆ. ಭಾನುವಾರ ಸ್ವಲ್ಪ ಸಡಿಲಿಕೆಯುಂಟು. ಪಟ್ಟಿ ವರ್ಷದಿಂದ ವರ್ಷಕ್ಕೆ ಅಷ್ಟಿಷ್ಟು ಬದಲಾಗುತ್ತಿರುತ್ತದೆ. ಗೆಳೆಯರು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ಹಳೇ ಪಟ್ಟಿ ನಂಬಬೇಡಿ.

ಇದರಲ್ಲಿ ಹೆಚ್ಚಿನವರು ಸೋಲುವುದು ಬಿಯರಿನ ಮುಂದಲ್ಲ, ಸಂಜೆ ನಾಲ್ಕರ ಚಹಾದ ಮುಂದೆ. ಸಕ್ಕರೆ ಹಾಕಿದ ಚಹಾ ಸಿಹಿ ಪಾನೀಯವೇ? ಜೊತೆಗಿನ ಬಿಸ್ಕತ್ತು ಕುರುಕಲೇ? ಅಮೆರಿಕದ ಪಟ್ಟಿಗೆ ಈ ಪ್ರಶ್ನೆಯೇ ಎದುರಾಗಿಲ್ಲ. ಮೊದಲ ದಿನಕ್ಕೂ ಮುಂಚೆ ಬಳಗದವರೆಲ್ಲ ಕೂತು ಒಂದು ತೀರ್ಮಾನಕ್ಕೆ ಬಂದು ಬರೆದಿಟ್ಟುಕೊಳ್ಳಬೇಕು. ‘ಚಹಾ ಇರಲಿ, ಸಕ್ಕರೆ ಬೇಡ, ಬಿಸ್ಕತ್ತು ಬೇಡ’ ಅಂದರೆ ಸಾಕು. ತೀರ್ಮಾನ ಮಾಡದೆ ಹೊರಟರೆ ಮೂರನೇ ವಾರದ ಸಭೆ ಪೂರ್ತಿ ಚಹಾ ಚರ್ಚೆಗೇ ಹೋಗುತ್ತದೆ.

ಆ್ಯಪ್ ಬಗ್ಗೆ ಹೇಳುವುದು ಕಡಿಮೆ. ದಿನದ ಓದು, ನಿಯಮಗಳಿಗೆ ಗುರುತು ಹಾಕುವ ಪಟ್ಟಿ, ಬಳಗದವರ ಜೊತೆ ಸಂದೇಶ. ಕೆಲಸ ಮಾಡುತ್ತದೆ. ಕನ್ನಡದಲ್ಲಾಗಲಿ ಕೊಂಕಣಿಯಲ್ಲಾಗಲಿ ಇಲ್ಲ, ಇಂಗ್ಲಿಷ್ ಓದಲು ತೊಡಕಿರುವವರಿಗೆ ಅರ್ಧಕ್ಕರ್ಧ ನಷ್ಟ. ಫೋನು ಕೆಳಗಿಡಿ ಎಂದು ಫೋನಿನಲ್ಲೇ ಬಂದು ಹೇಳುವುದಂತೂ ಮೀನು ಮಾರ್ಕೆಟ್ಟಿನ ನಡುವೆ ಉಪವಾಸ ಕೂತ ಹಾಗೆ. ದಿನದ ಓದಿನ ಅಧ್ಯಾಯ, ವಚನ ಸಂಖ್ಯೆಯನ್ನು ಹಿಂದಿನ ರಾತ್ರಿಯೇ ಚೀಟಿಯಲ್ಲಿ ಬರೆದುಕೊಂಡು, ಬೆಳಿಗ್ಗೆ ಕನ್ನಡ ಬೈಬಲನ್ನೇ ತೆರೆದರೆ ಎರಡೂ ತೊಂದರೆ ಒಟ್ಟಿಗೆ ಕಳೆಯುತ್ತವೆ. ಆ್ಯಪಿನ ಗುರುತು ಹಾಕುವ ಪಟ್ಟಿಯಲ್ಲಿ ಇನ್ನೊಂದು ಅಪಾಯವಿದೆ. ಎಲ್ಲ ಚೌಕಕ್ಕೂ ಟಿಕ್ ಬಿದ್ದ ದಿನ ಪ್ರಾರ್ಥನೆಯೂ ಚೆನ್ನಾಗಿ ಆಯಿತು ಅನ್ನಿಸಿಬಿಡುತ್ತದೆ.

ಪ್ರಾರ್ಥನೆಗೆ ದಿನಕ್ಕೊಂದು ಗಂಟೆ ಕೇಳುತ್ತಾರೆ. ಕಡಿಮೆಯೆಂದರೂ ಇಪ್ಪತ್ತು ನಿಮಿಷದ ಮೌನ ಇರಬೇಕು. ಆ ಇಪ್ಪತ್ತು ನಿಮಿಷಕ್ಕೆ ಮಣಿ ಎಣಿಸಿ ಹೇಳುವ ಜಪಸರವನ್ನು (ತೆರ್ಸ್) ಸೇರಿಸಿ ಲೆಕ್ಕ ಹಾಕುವುದು ನಮ್ಮವರು ಸಾಮಾನ್ಯವಾಗಿ ಮಾಡುವ ತಪ್ಪು. ಮನೆಯವರೆಲ್ಲ ಸೇರಿ ಹೇಳುವ ಸಂಜೆಯ ತೆರ್ಸ್ ತನ್ನ ಜಾಗದಲ್ಲಿ ಇರಲಿ. ಇದು ಬಾಯಿ ಮುಚ್ಚಿ ಕೂರುವ ಹೊತ್ತು. ಮೊದಲ ಐದು ನಿಮಿಷ ಓದು, ಆಮೇಲೆ ಹದಿನೈದು ನಿಮಿಷ ಸುಮ್ಮನೆ. ರಾತ್ರಿ ಮಲಗುವ ಮುನ್ನ ಐದು ನಿಮಿಷ ಆತ್ಮಶೋಧನೆ. ಬೆಂಗಳೂರಿನಲ್ಲಿ ಎಂಟಕ್ಕೆ ಮನೆ ಬಿಡುವವರಿಗೆ ಸಂಜೆಯ ಹೊತ್ತು ನೆಚ್ಚಿಕೊಳ್ಳುವ ಹಾಗಿಲ್ಲ, ಟ್ರಾಫಿಕ್ ನುಂಗಿಬಿಡುತ್ತದೆ. ಬೆಳಿಗ್ಗೆ ಏಳುವುದೇ ದಾರಿ. ಹಾಗೆ ಏಳಬೇಕಾದರೆ ರಾತ್ರಿ ಹತ್ತಕ್ಕೆ ಮಲಗಬೇಕು, ಹತ್ತಕ್ಕೆ ಮಲಗಬೇಕಾದರೆ ಟಿವಿ ಆರಬೇಕು. ಬಿಡಿಬಿಡಿಯಾಗಿ ನೋಡಿದರೆ ಕಿರಿಕಿರಿ ಅನ್ನಿಸುವ ನಿಯಮಗಳು ಒಂದಕ್ಕೊಂದು ಹೆಣೆದುಕೊಂಡಿರುವುದು ಇಲ್ಲೇ. ಕೈಗೂಸಿರುವ ಮನೆಯಲ್ಲಿ ಮಾತ್ರ ಈ ಹೆಣಿಗೆ ಬಿಚ್ಚಿಕೊಳ್ಳುತ್ತದೆ. ಅಂಥವರು ನಿದ್ದೆ ಕಡಿದು ಪ್ರಾರ್ಥನೆಗೆ ಕೂರುವುದು ಬೇಡ.

ಇನ್ನು ಬಳಗ. ಐದರಿಂದ ಏಳು ಜನ ಸರಿಯಾದ ಅಳತೆ. ಮೂವರಾದರೆ ಒಬ್ಬ ತಪ್ಪಿಸಿಕೊಂಡ ವಾರ ಸಭೆಯೇ ಇಲ್ಲ. ಹತ್ತು ಜನವಾದರೆ ಅರ್ಧ ಮಂದಿ ಬಾಯಿ ಬಿಡುವುದಿಲ್ಲ. 90 ದಿನಕ್ಕೆ ಹನ್ನೆರಡು ಹದಿಮೂರು ಸಭೆ. ಆರು ಜನ, ತಲಾ ಎಂಟು ನಿಮಿಷ, ಆರಂಭಕ್ಕೂ ಮುಕ್ತಾಯಕ್ಕೂ ಪ್ರಾರ್ಥನೆ. ಅಲ್ಲಿಗೆ ಒಂದು ಗಂಟೆ. ಗಡಿಯಾರ ಹಿಡಿಯಲು ಒಬ್ಬರು ಬೇಕೇ ಬೇಕು, ಯಾಕೆಂದರೆ ಪ್ರತಿ ಬಳಗದಲ್ಲೂ ಇಪ್ಪತ್ತು ನಿಮಿಷ ಮಾತಾಡುವ ಮಹಾನುಭಾವ ಒಬ್ಬರಾದರೂ ಇರುತ್ತಾರೆ. ಒಬ್ಬರು ಹೇಳಿಕೊಳ್ಳುವಾಗ ಉಳಿದವರು ಉಪದೇಶಕ್ಕೆ ಇಳಿಯಬಾರದು. ಕೇಳಿದರೆ ಮಾತ್ರ ಸಲಹೆ. ಅಲ್ಲಿ ಆಡಿದ ಮಾತು ಹೆಂಡತಿಯ ಕಿವಿಗೂ ಹೋಗಕೂಡದು. ಪಾಪನಿವೇದನೆಗೆ ಗುರುಗಳ ಹತ್ತಿರ ಹೋಗುವುದು ಇದ್ದೇ ಇದೆ, ಸಭೆಯನ್ನು ಅದಕ್ಕೆ ಬದಲಿ ಮಾಡಿಕೊಳ್ಳುವಂತಿಲ್ಲ.

ಇದಲ್ಲದೆ ಪ್ರತಿಯೊಬ್ಬರಿಗೂ ಬಳಗದಲ್ಲೇ ಒಬ್ಬ ಜೊತೆಗಾರ; ‘ಆ್ಯಂಕರ್’ ಎನ್ನುತ್ತಾರೆ. ದಿನಕ್ಕೊಮ್ಮೆ ಅವರ ಜೊತೆ ಎರಡು ನಿಮಿಷದ ಮಾತು. ವಿಮೋಚನಾಕಾಂಡದ ಹದಿನೇಳನೇ ಅಧ್ಯಾಯದಲ್ಲಿ ಮೋಶೆಯ ಕೈ ಸೋತಾಗ ಆರೋನನೂ ಹೂರನೂ ಆಚೆ ಈಚೆ ನಿಂತು ಎತ್ತಿ ಹಿಡಿಯುವ ಹಾಗೆ. ಕರೆ ಮಾಡಿದರೆ ಇದು ಉಳಿಯುತ್ತದೆ. ಹೆಬ್ಬೆರಳಿನ ಇಮೋಜಿಗೆ ಇಳಿದರೆ ಎರಡೇ ವಾರದಲ್ಲಿ ಸತ್ತುಹೋಗುತ್ತದೆ. ದುಬೈ, ಕುವೈತಿನಲ್ಲಿ ಪಾಳಿ ಕೆಲಸ ಮಾಡುವ ನಮ್ಮವರು ಊರಿನ ಬಳಗಕ್ಕೆ ವಿಡಿಯೋ ಕರೆಯಲ್ಲಿ ಸೇರುವ ಬದಲು ಅಲ್ಲೇ ಒಂದೇ ಕ್ಯಾಂಪಿನ, ಒಂದೇ ಕಟ್ಟಡದ ಜೊತೆಗಾರರನ್ನು ಹುಡುಕಿಕೊಂಡರೆ ಮೇಲು.

ನಮ್ಮ ಧರ್ಮಕೇಂದ್ರಗಳಲ್ಲಿ ವಾಳೆ (ಅಕ್ಕಪಕ್ಕದ ಮನೆಗಳ ಗುಂಪು), ಅದಕ್ಕೊಬ್ಬ ಮುಖಂಡ ಗುರ್ಕಾರ್ ಎಂಬ ವ್ಯವಸ್ಥೆ ಮೊದಲೇ ಇರುವುದರಿಂದ ಐದು ಜನರನ್ನು ಕೂಡಿಸುವುದು ಅಮೆರಿಕದವರಿಗಿಂತ ಸುಲಭ. ಆದರೆ ಒಂದೇ ವಾಳೆಯವರಾದರೆ ಜಾಗದ ತಕರಾರು, ಚುನಾವಣೆ, ಸಂಬಂಧಿಕರ ಮದುವೆ ಮಾತು ಎಲ್ಲವೂ ಒಳಗೆ ನುಗ್ಗುತ್ತವೆ. ಇಬ್ಬರಾದರೂ ಹೊರಗಿನವರಿದ್ದರೆ ಒಳ್ಳೆಯದು.

ಪಂಚಾಂಗದ ಲೆಕ್ಕ ಇನ್ನೊಂದು. 90 ದಿನ ಮುಗಿದ ಮರುದಿನ ಪಾಸ್ಕ, ಅಂದರೆ ಈಸ್ಟರ್. ಹಿಂದಕ್ಕೆ ಎಣಿಸಿದರೆ ಮೊದಲ 44 ದಿನ ಈಸ್ಟರಿಗೆ ಮುಂಚಿನ ತಪಸ್ಸುಕಾಲದ ಹೊರಗೇ ಬೀಳುತ್ತದೆ. ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರ ನಲವತ್ತೈದನೆಯ ದಿನ. ಆ 44 ದಿನ ಕರಾವಳಿಯಲ್ಲಿ ಮದುವೆಗೆ ಮುಂಚಿನ ರೋಸ್ ಶಾಸ್ತ್ರ, ಮದುವೆ, ಕಾರ್ಕಳ ಹತ್ತಿರದ ಅತ್ತೂರು ಚರ್ಚಿನ ಹಬ್ಬ ಸಾಂತ್‌ಮಾರಿ. 2026ರಲ್ಲಿ ಪಾಸ್ಕ ಏಪ್ರಿಲ್ 5, ಅಂದರೆ ಆರಂಭ ಜನವರಿ 5. 2027ರಲ್ಲಿ ಪಾಸ್ಕ ಮಾರ್ಚ್ 28ಕ್ಕೇ ಬರುವುದರಿಂದ ಆರಂಭ 2026ರ ಡಿಸೆಂಬರ್ 28. ಡಬ್ಬಿಯಲ್ಲಿ ಕ್ರಿಸ್ಮಸ್ಸಿನ ತಿಂಡಿ ಕುಸ್ವಾರ್ ಮುಗಿದಿರುವುದೇ ಇಲ್ಲ. ಕೊನೆಯ ವಾರಗಳಲ್ಲಿ ಐಪಿಎಲ್ ಬೇರೆ. ಮದುವೆ ಊಟದಲ್ಲಿ ಏನು ಮಾಡುವುದು ಎಂಬುದನ್ನೂ ಚಹಾದ ಜೊತೆಗೇ ತೀರ್ಮಾನಿಸಿ. ಬಡಿಸಿದ್ದನ್ನು ಬೇಡವೆಂದು ನಾಲ್ಕು ಜನಕ್ಕೆ ಕೇಳುವಂತೆ ವ್ರತದ ಪುರಾಣ ಹೇಳುವುದಕ್ಕಿಂತ ಒಂದು ಹೋಳಿಗೆ ತಿಂದು ಎದ್ದು ಬರುವುದು ವಾಸಿ.

ಕೆಲವರಿಗೆ ಇದು ಬೇಡವೇ ಬೇಡ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ವಾರಕ್ಕೆರಡು ಉಪವಾಸ ಹಿಡಿಯಬಾರದು. ಹೃದ್ರೋಗ, ಆಸ್ತಮಾ ಇರುವವರು ತಣ್ಣೀರಿನ ಗೋಜಿಗೆ ಹೋಗುವುದು ಬೇಡ. ದಿನಾ ಹೆಚ್ಚು ಕುಡಿಯುವವರು ಒಮ್ಮೆಗೇ ನಿಲ್ಲಿಸಿದರೆ ಕೈನಡುಕ, ಫಿಟ್ಸ್, ಪ್ರಾಣಾಪಾಯದವರೆಗೂ ಹೋಗಬಹುದು. ಅವರಿಗೆ ಮೊದಲು ಬೇಕಿರುವುದು ಆಸ್ಪತ್ರೆ. ಮತ್ತೆ, ಹೆಂಡತಿಗೆ ಹೇಳದೆ ಶುರುಮಾಡುವವರು. ಒಂದು ಗಂಟೆಯ ಪ್ರಾರ್ಥನೆ ಮಕ್ಕಳ ಹೋಂವರ್ಕಿನ ಹೊತ್ತಿಗೇ ಬಂದು, ಬುಧವಾರ ಶುಕ್ರವಾರ ಅಡುಗೆ ಎರಡು ಬಗೆಯಾಗಿ, ಗಂಡನ ಸಿಡುಕು ಮೂರನೆಯದಾಗಿ ಸೇರಿದರೆ ವ್ರತ ಹಿಡಿದವನು ಒಬ್ಬ, ತಪಸ್ಸು ಮಾಡಿದವಳು ಇನ್ನೊಬ್ಬಳು.

ಪಾಸ್ಕದ ಮರುದಿನದಿಂದ ಎಲ್ಲವನ್ನೂ ಒಟ್ಟಿಗೆ ಬಿಟ್ಟುಬಿಡುವುದು ಈ ಕಾರ್ಯಕ್ರಮದ ದೊಡ್ಡ ಸೋರಿಕೆ. ಉಳಿಸಿಕೊಳ್ಳಬೇಕಾದ್ದು ಎರಡು: ಬೆಳಗಿನ ಮೌನ, ಬಳಗದ ಸಭೆ. ಬೇಕಿದ್ದರೆ ಹದಿನೈದು ದಿನಕ್ಕೊಮ್ಮೆ ಆಗಲಿ. ಪಾಸ್ಕದ ನಂತರದ ಮೊದಲ ಸಭೆ ಯಾವ ದಿನ, ಎಷ್ಟು ಗಂಟೆಗೆ, ಯಾರ ಮನೆಯಲ್ಲಿ ಎಂಬುದನ್ನು ಪಾಸ್ಕದ ಹಿಂದಿನ ವಾರದ ಗರಿಗಳ ಭಾನುವಾರಕ್ಕೂ ಮೊದಲೇ ಗೊತ್ತುಮಾಡಿಕೊಳ್ಳಿ. ‘ಹಬ್ಬ ಮುಗೀಲಿ, ನೋಡೋಣ’ ಅಂದವರು ಮತ್ತೆ ಕೂಡುವುದು ಮುಂದಿನ ಜನವರಿಯಲ್ಲೇ. ಆ್ಯಪಿನ ಚಂದಾ ತಾನಾಗಿ ನವೀಕರಣ ಆಗುವಂತೆ ಇದೆಯೇ ಎಂದು ಅದೇ ದಿನ ನೋಡಿಕೊಂಡು, ಬೇಡವಾದರೆ ನಿಲ್ಲಿಸಿಬಿಡಿ.