ವಯಸ್ಸು ತಡೆಯುತ್ತೆ ಅಂತ ರಾಪಮೈಸಿನ್ ನುಂಗಿದೆ, ಡಾಕ್ಟರ್‌ಗೆ ಹೇಳಲಿಲ್ಲ

ನಾಲ್ಕು ತಿಂಗಳ ಹಿಂದೆ ನನ್ನ ಬಾಯಲ್ಲಿ 7 ಹುಣ್ಣು ಎದ್ದಿದ್ದವು. ನಾಲಿಗೆಯ ಅಂಚಿನಲ್ಲಿ ಮೂರು, ಕೆಳತುಟಿಯ ಒಳಗೆ ಎರಡು, ಕೆನ್ನೆಯ ಒಳಗೆ ಎರಡು. ನಡುವೆ ಬಿಳಿ, ಸುತ್ತ ಕೆಂಪು. ತಣ್ಣೀರು ತಾಗಿದರೂ ಕಣ್ಣಲ್ಲಿ ನೀರು ಬರುತ್ತಿತ್ತು. ಕೀಳಿಸಿಕೊಂಡ ಹಲ್ಲಿನ ಜಾಗ 5 ವಾರವಾದರೂ ಕೂಡಿಕೊಂಡಿರಲಿಲ್ಲ. ಇಷ್ಟಕ್ಕೂ ಕಾರಣ ನಾನೇ ದುಡ್ಡು ಕೊಟ್ಟು ತರಿಸಿಕೊಂಡ ಮಾತ್ರೆ. ಹೆಸರು ರಾಪಮೈಸಿನ್. ಚೀಟಿಯಲ್ಲಿ ಸಿರೋಲಿಮಸ್ ಅಂತ ಬರೆಯುತ್ತಾರೆ, ಎರಡೂ ಒಂದೇ.

ನನಗೀಗ 54. ಅಪ್ಪ ಕೊನೆಯ 6 ವರ್ಷ ಹಾಸಿಗೆ ಹಿಡಿದಿದ್ದರು. ನೋಡಿಕೊಂಡವರು ನಾವೇ. ಹಾಗಾಗಿ ನೂರು ವರ್ಷ ಬದುಕಬೇಕು ಅನ್ನೋ ಆಸೆಗಿಂತ ಮಕ್ಕಳಿಗೆ ಭಾರ ಆಗಬಾರದು ಅನ್ನೋ ಭಯ ನನಗೆ ಜಾಸ್ತಿ. ಈ ಭಯ ಎಷ್ಟು ಜನರಲ್ಲಿದೆ ಅನ್ನೋದು ಮಾತ್ರೆ ಮಾರುವವರಿಗೆ ಚೆನ್ನಾಗಿ ಗೊತ್ತು.

ನಾನು ನೋಡಿದ ಜಾಹೀರಾತಿನಲ್ಲಿ ಒಂದು ಮಗುವಿನ ಫೋಟೋ ಇತ್ತು. ತಲೆಯಲ್ಲಿ ಕೂದಲಿಲ್ಲ, ಹಣೆಯ ಮೇಲೆ ನರ ಎದ್ದು ಕಾಣುತ್ತಿತ್ತು, ಮುಖ ಮುದುಕರ ಮುಖದ ಹಾಗೆ. ಮಕ್ಕಳಿಗೆ ಬೇಗನೆ ಮುಪ್ಪು ಬರಿಸುವ ಪ್ರೊಜೀರಿಯಾ ಅನ್ನೋ ಕಾಯಿಲೆ ಅದು. ಕೆಳಗೆ ದಪ್ಪ ಅಕ್ಷರದಲ್ಲಿ, 'ಮುಪ್ಪಿಗೆ ಔಷಧಿ ಬಂದಾಯ್ತು, ಒಪ್ಪಿಗೆಯೂ ಸಿಕ್ಕಾಯ್ತು'. ನಾನು ನಂಬಿದೆ.

ನಿಜ ಏನು ಅಂದ್ರೆ, ಒಪ್ಪಿಗೆ ಸಿಕ್ಕಿದ್ದು ಬೇರೆ ಔಷಧಿಗೆ. ಅದರ ಹೆಸರು ಲೋನಾಫಾರ್ನಿಬ್. ಮೊದಲು ಕ್ಯಾನ್ಸರ್‌ಗೆಂದು ತಯಾರಿಸಿದ್ದರು. 2020ರ ನವೆಂಬರ್‌ನಲ್ಲಿ ಅಮೆರಿಕದಲ್ಲಿ ಔಷಧಿಗಳಿಗೆ ಒಪ್ಪಿಗೆ ಕೊಡುವ ಸಂಸ್ಥೆ ಎಫ್‌ಡಿಎ ಅದನ್ನು ಪ್ರೊಜೀರಿಯಾಗೆ ಒಪ್ಪಿತು. ಈ ಮಕ್ಕಳಲ್ಲಿ ಎಲ್‌ಎಂಎನ್‌ಎ ಅನ್ನೋ ಜೀನ್‌ನಲ್ಲಿ ಒಂದೇ ಒಂದು ಅಕ್ಷರ ತಪ್ಪಾಗಿರುತ್ತೆ. ಇದು ಗೊತ್ತಾಗಿದ್ದು 2003ರಲ್ಲಿ. ಆ ತಪ್ಪಿನಿಂದ ಪ್ರೊಜೆರಿನ್ ಅನ್ನೋ ಕೆಟ್ಟ ಪ್ರೋಟೀನ್ ಹುಟ್ಟಿ, ಜೀವಕೋಶದ ನಡುವಿನ ಕೇಂದ್ರದ ಪೊರೆಗೆ ಅಂಟಿಕೊಂಡು ಅದನ್ನು ಹಾಳು ಮಾಡುತ್ತೆ. ಲೋನಾಫಾರ್ನಿಬ್ ಆ ಅಂಟನ್ನು ತಡೆಯುತ್ತೆ, ಅಷ್ಟೇ. ಔಷಧಿ ಇಲ್ಲದೆ ಆ ಮಕ್ಕಳು ಸರಾಸರಿ ಹದಿನಾಲ್ಕೂವರೆ ವರ್ಷ ಬದುಕುತ್ತಾರೆ, ಹೃದಯಾಘಾತ ಇಲ್ಲವೇ ಪಾರ್ಶ್ವವಾಯುವಿಗೆ ಹೋಗಿಬಿಡುತ್ತಾರೆ. ಔಷಧಿಯಿಂದ ಸರಾಸರಿ ಎರಡೂವರೆ ವರ್ಷ ಜಾಸ್ತಿ ಸಿಕ್ಕಿದೆ. ಒಬ್ಬ ತಾಯಿಗೆ ಎರಡೂವರೆ ವರ್ಷ ಅಂದ್ರೆ ಎಷ್ಟು ದೊಡ್ಡದು, ಯೋಚನೆ ಮಾಡಿ. ಅಂಥ ಮಗುವಿನ ಮುಖ ತೋರಿಸಿ ನನಗೆ ಬೇರೆಯದೇ ಮಾತ್ರೆ ಮಾರಿದರು. ನನ್ನ ಹುಣ್ಣಿಗಿಂತ ಇದು ನನಗೆ ಜಾಸ್ತಿ ನೋವು ಕೊಟ್ಟಿದೆ.

ಹಾಗಂತ ರಾಪಮೈಸಿನ್ ಸುಳ್ಳು ಔಷಧಿ ಅಲ್ಲ. 1964ರಲ್ಲಿ ಈಸ್ಟರ್ ದ್ವೀಪಕ್ಕೆ ಹೊರಟ ತಂಡವೊಂದು ತಂದ ಮಣ್ಣಿನಲ್ಲಿದ್ದ ಬ್ಯಾಕ್ಟೀರಿಯಾದಿಂದ ಸಿಕ್ಕಿದ್ದು ಅದು. ದ್ವೀಪದವರು ತಮ್ಮ ನೆಲವನ್ನು ರಾಪಾ ನುಯಿ ಅನ್ನುತ್ತಾರೆ, ಹೆಸರು ಬಂದಿದ್ದು ಅಲ್ಲಿಂದ. ಅದನ್ನು ಬೇರ್ಪಡಿಸಿದ ತಂಡದಲ್ಲಿ ಮುಖ್ಯರಾದವರು ಬ್ರಿಟಿಷರ ಕಾಲದ ಅವಿಭಜಿತ ಭಾರತದಲ್ಲಿ ಹುಟ್ಟಿದ ವಿಜ್ಞಾನಿ ಸುರೇನ್ ಸೆಹಗಲ್. 1999ರಿಂದ ಕಿಡ್ನಿ ಕಸಿ ಆದವರಿಗೆ ಇದನ್ನು ಕೊಡುತ್ತಿದ್ದಾರೆ. ಯಾಕೆ? ದೇಹದ ರೋಗನಿರೋಧಕ ಶಕ್ತಿ ಹೊಸ ಕಿಡ್ನಿಯ ಮೇಲೆ ತಿರುಗಿ ಬೀಳದಿರಲಿ ಅಂತ. ಅಂದ್ರೆ ಆ ಶಕ್ತಿಯನ್ನು ತಗ್ಗಿಸೋದೇ ಇದರ ಕೆಲಸ. ಮುಪ್ಪಿನ ಮಾತು ಜೋರಾಗಿದ್ದು 2009ರಲ್ಲಿ. 600 ದಿನ ದಾಟಿದ, ಮನುಷ್ಯರ ಲೆಕ್ಕದಲ್ಲಿ ಸುಮಾರು 60 ವರ್ಷದ ಇಲಿಗಳಿಗೆ ಕೊಟ್ಟಾಗ ಹೆಣ್ಣಿಲಿಗಳ ಆಯಸ್ಸು ಶೇ 14ರಷ್ಟು, ಗಂಡಿಲಿಗಳದ್ದು ಶೇ 9ರಷ್ಟು ಜಾಸ್ತಿಯಾಯಿತು. ಅದು ದೊಡ್ಡ ಸಂಗತಿ, ಒಪ್ಪುತ್ತೇನೆ. ಆದರೆ ಆ ಇಲಿಗಳು ಸೋಂಕು ತಾಗದ ಹಾಗೆ ಕಾಪಾಡಿದ ಪಂಜರದಲ್ಲಿ ಇದ್ದವು. ನಾನು ಬಸ್ಸಿನಲ್ಲಿ ಓಡಾಡುವವನು.

ವಾರಕ್ಕೊಂದು ಸಲ ನುಂಗುತ್ತಿದ್ದೆ. ಮೊದಲ ಎರಡು ತಿಂಗಳು ಅಂಥ ದೊಡ್ಡ ತೊಂದರೆ ಏನೂ ಆಗಲಿಲ್ಲ. ಆಗಾಗ ಒಂದೊಂದು ಹುಣ್ಣು ಏಳುತ್ತಿತ್ತು, ಉಷ್ಣ ಅಂದುಕೊಂಡು ಸುಮ್ಮನಾದೆ. ಆಮೇಲೆ ದವಡೆ ಹಲ್ಲು ಹಾಳಾಗಿ ಕೀಳಿಸಬೇಕಾಯಿತು. ಹಲ್ಲಿನ ಡಾಕ್ಟರ್ ಕೇಳಿದರು, "ಬೇರೆ ಏನಾದ್ರೂ ಮಾತ್ರೆ ತಗೋತಿದೀರಾ?" ನಾನು, "ಏನೂ ಇಲ್ಲ ಡಾಕ್ಟ್ರೇ" ಅಂದೆ.

ನಾಚಿಕೆಯಿಂದ ಹಾಗಂದೆ. ಈ ವಯಸ್ಸಲ್ಲಿ ಯೌವನದ ಮಾತ್ರೆ ನುಂಗುತ್ತಿದ್ದಾನೆ ಅಂದುಕೊಳ್ಳುತ್ತಾರೆ ಅಂತ. ಜೊತೆಗೆ ಅದು ವಿಟಮಿನ್ ಥರ, ಹೇಳುವಂಥದ್ದೇನಲ್ಲ ಅನ್ನೋ ಭ್ರಮೆ ಬೇರೆ.

ಪೆನಿಸಿಲಿನ್ ನನಗೆ ಒಗ್ಗಲ್ಲ. ಅದಕ್ಕೇ ಅವರು ಕ್ಲಾರಿಥ್ರೊಮೈಸಿನ್ ಬರೆದುಕೊಟ್ಟರು. ಅನಾಹುತ ಆಗಿದ್ದು ಅಲ್ಲೇ. ರಾಪಮೈಸಿನ್ ಅನ್ನು ಕರಗಿಸಿ ಹೊರಹಾಕುವ ಕಿಣ್ವ ನಮ್ಮ ಕರುಳಿನಲ್ಲಿ, ಲಿವರ್‌ನಲ್ಲಿ ಇದೆ. ಕ್ಲಾರಿಥ್ರೊಮೈಸಿನ್ ಆ ಕಿಣ್ವದ ಕೈ ಕಟ್ಟಿಹಾಕುತ್ತೆ. ಮೊದಲೇ ಈ ಔಷಧಿ ರಕ್ತದಲ್ಲಿ ಅರ್ಧಕ್ಕೆ ಇಳಿಯೋಕೆ 60 ಗಂಟೆಯಷ್ಟು ಬೇಕು. ಹೊರಹೋಗುವ ದಾರಿಯೂ ಮುಚ್ಚಿದರೆ ಒಂದು ಮಾತ್ರೆ ಎಷ್ಟೋ ಮಾತ್ರೆ ನುಂಗಿದ ಹಾಗೆ. ಫಂಗಸ್‌ಗೆ ಕೊಡುವ ಕೀಟೋಕೊನಜೋಲ್, ಬಿಪಿಗೆ ಕೊಡುವ ಡಿಲ್ಟಿಯಾಜೆಮ್, ಗ್ರೇಪ್‌ಫ್ರೂಟ್ ರಸ, ಇವೂ ಇದೇ ಕೆಲಸ ಮಾಡುತ್ತವೆ. ಗಾಯ ಮಾಯದ ಹಾಗೆ ಮಾಡೋದು ಈ ಔಷಧಿಯ ಗೊತ್ತಿರುವ ತೊಂದರೆ.

ಕೊನೆಗೆ ಜ್ವರ ಬಂದಾಗ ಹೆಂಡತಿಯೇ ಬೀರುವಿನಿಂದ ಸ್ಟ್ರಿಪ್ ತೆಗೆದು ಡಾಕ್ಟರ್ ಮುಂದೆ ಇಟ್ಟಳು. ಅವರು ಬೈಯಲಿಲ್ಲ. ಸ್ಟ್ರಿಪ್ ತಿರುಗಿಸಿ ಉಗುರಿನಿಂದ ಒಂದು ಸ್ಟಿಕರ್ ಕೆರೆದರು. ಅಡಿಯಲ್ಲಿ ಬೇರೆ ಎಕ್ಸ್‌ಪೈರಿ ತಾರೀಖು ಇತ್ತು. ನಾನು ಇಷ್ಟು ದಿನ ನೋಡಿಯೇ ಇರಲಿಲ್ಲ. ರಕ್ತ ಪರೀಕ್ಷೆಯಲ್ಲಿ ಟ್ರೈಗ್ಲಿಸರೈಡ್, ಅಂದ್ರೆ ರಕ್ತದಲ್ಲಿನ ಕೊಬ್ಬು, 460ಕ್ಕೆ ಏರಿತ್ತು, ಬಿಳಿ ರಕ್ತಕಣ ಕಮ್ಮಿ. "ಕಸಿ ಆದವರಿಗೆ ರಕ್ತದಲ್ಲಿ ಇದರ ಮಟ್ಟ ಅಳೆದು ಅಳೆದು ಕೊಡ್ತೀವಿ. ನೀವು ಒಂದು ಸಲವೂ ಅಳೆಸಿಲ್ವಲ್ಲ" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಮೆಟ್‌ಫಾರ್ಮಿನ್, ಡಸಾಟಿನಿಬ್ ಬಗ್ಗೆಯೂ ಇದೇ ಥರ ಹೇಳಿ ಮಾರುವವರಿದ್ದಾರೆ. ಮೊದಲನೆಯದು ಸಕ್ಕರೆ ಕಾಯಿಲೆಯದು, ಎರಡನೆಯದು ರಕ್ತದ ಕ್ಯಾನ್ಸರ್‌ನದು. 2019ರ ಒಂದು ಪ್ರಯೋಗದಲ್ಲಿ 65 ದಾಟಿದವರು ತೂಕ ಎತ್ತುವ ವ್ಯಾಯಾಮ ಮಾಡಿದಾಗ, ಮೆಟ್‌ಫಾರ್ಮಿನ್ ತಗೊಂಡವರ ಸ್ನಾಯು ಉಳಿದವರಷ್ಟು ಬೆಳೆಯಲಿಲ್ಲ. ಗಟ್ಟಿಮುಟ್ಟಾಗಿರಬೇಕು ಅಂತ ತಾನೇ ನುಂಗೋದು?

ನಿಮ್ಮಲ್ಲಿ ಯಾರಾದರೂ ಈಗಾಗಲೇ ರಾಪಮೈಸಿನ್ ತಗೋತಿದ್ದರೆ, ಹಲ್ಲು ಕೀಳಿಸೋದು, ಆಪರೇಷನ್, ಆಂಟಿಬಯಾಟಿಕ್ ಏನೇ ಇರಲಿ, ಮೊದಲು ಡಾಕ್ಟರ್‌ಗೆ ಹೇಳಿ. ಬಾಯಲ್ಲಿ ಹುಣ್ಣು ಎದ್ದರೆ, ಬಿಡದೆ ಕೆಮ್ಮು ಬಂದರೆ, ಉಸಿರು ಕಟ್ಟಿದರೆ ಅವತ್ತೇ ತೋರಿಸಿ. ಈ ಔಷಧಿ ಕೆಲವರಿಗೆ ಶ್ವಾಸಕೋಶದಲ್ಲೂ ಉರಿಯೂತ ತರುತ್ತೆ.

ನನ್ನ ಹುಣ್ಣು ವಾಸಿಯಾಗಿವೆ. ಹಲ್ಲಿನ ಜಾಗ ಕೂಡಿಕೊಂಡಿದೆ. ಟ್ರೈಗ್ಲಿಸರೈಡ್ ಇನ್ನೂ 240 ಇದೆ, ಮುಂದಿನ ತಿಂಗಳು ಮತ್ತೆ ಪರೀಕ್ಷೆ. ಉಳಿದಿದ್ದ ಎರಡು ಸ್ಟ್ರಿಪ್ ಡಾಕ್ಟರ್ ಕೈಗೆ ಕೊಟ್ಟುಬಂದೆ.